ಬೆಟ್ಟದಲ್ಲಿ ಊಟ, ಬಯಲಲ್ಲಿ ಬಿಸಿನೀರು

ಶುಕ್ರವಾರ ರಾತ್ರಿ ಹತ್ತರ ಮೇಲೆ ಹೆಬ್ಬಾಳದ ಎಸ್ಟೀಮ್ ಮಾಲ್ ಹತ್ತಿರ ನಿಂತು ನೋಡಿ. ಕೆಂಪಾಪುರದ ಪಿ.ಜಿ.ಗಳಿಂದ, ಕಾಫಿ ಬೋರ್ಡ್ ಲೇಔಟಿನ ಬಾಡಿಗೆ ಮನೆಗಳಿಂದ, ಕೆಲವರು ಮಾನ್ಯತಾ ಟೆಕ್ ಪಾರ್ಕಿನಿಂದ ನೇರವಾಗಿ, ಬೆನ್ನಿಗೆ ಚೀಲ ಏರಿಸಿಕೊಂಡು ಬಂದು ಟೆಂಪೊ ಟ್ರಾವೆಲರ್‌ಗೆ ಕಾಯುತ್ತಿರುತ್ತಾರೆ. ಯಾವ ಬೆಟ್ಟಕ್ಕಪ್ಪಾ ಎಂದರೆ ಹೆಚ್ಚಿನವರ ಬಾಯಲ್ಲಿ ಒಂದೇ ಉತ್ತರ: 'ಕೆ.ಪಿ.' ಕುಮಾರ ಪರ್ವತದಂಥ ಗಂಭೀರ ಹೆಸರನ್ನು ಎರಡಕ್ಷರಕ್ಕೆ ಇಳಿಸಿದ್ದಕ್ಕೆ ನನಗೆ ಈ ಪೀಳಿಗೆಯ ಮೇಲೆ ಸಣ್ಣ ಸಿಟ್ಟಿದೆ. ಆದರೆ ಸೋಮವಾರ ಅದೇ ಮಕ್ಕಳು ಕುಂಟುತ್ತ ಲಿಫ್ಟಿಗೆ ಬಂದಾಗ ಬೆಟ್ಟದ ಸುದ್ದಿಗಿಂತ ಮೊದಲು ಊಟದ ಸುದ್ದಿ ಹೇಳುತ್ತಾರೆ. 'ಭಟ್ರ ಮನೆ ಸಾಂಬಾರು ಇತ್ತಲ್ಲ ಅಂಕಲ್...' ಅಲ್ಲಿಗೆ ಸಿಟ್ಟು ಇಳಿಯುತ್ತದೆ.

ಈ ಲೇಖನಕ್ಕೆ ನೆಪವಾದವರು ಮಾತ್ರ ಕುಮಾರ ಪರ್ವತ ಹತ್ತಿದವರಲ್ಲ. ನಮ್ಮ ಕಟ್ಟಡದ ಮೇಲಿನ ಮಹಡಿಯ ದಂಪತಿ ಜಪಾನಿಗೆ ಹೋಗಿ ಬಂದು ಫೋಟೊ ತೋರಿಸಿದರು. ಕೀ ಪರ್ಯಾಯ ದ್ವೀಪದ ಕಾಡುಬೆಟ್ಟಗಳ ನಡುವೆ ಕುಮಾನೊ ಕೊದೊ ಎಂಬ ಹಳೆಯ ಯಾತ್ರೆಯ ಹಾದಿಗಳಿವೆ. 2004ರಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಹಗಲೆಲ್ಲ ನಡೆದು ಸಂಜೆ ಯುನೊಮಿನೆ ಎಂಬ ಸಣ್ಣ ಊರಿಗೆ ಇಳಿದರೆ ಅಲ್ಲಿ ಓಣಿಯುದ್ದಕ್ಕೂ ಬಿಸಿನೀರಿನ ಬುಗ್ಗೆಯ ತಂಗುಮನೆಗಳು. ಚಾಪೆ ಹಾಸಿದ ಕೋಣೆ, ಮನೆಯವರೇ ಕೊಡುವ ಹತ್ತಿಯ ನಿಲುವಂಗಿ, ಬೆರಳುದ್ದದ ಬಟ್ಟಲುಗಳಲ್ಲಿ ಹತ್ತಾರು ಬಗೆಯ ಊಟ. ಊಟಕ್ಕೆ ಮೊದಲೊಂದು ಸ್ನಾನ, ಮಲಗುವ ಮೊದಲು ಇನ್ನೊಂದು. ಊರ ನಡುವಿನ ಬುಗ್ಗೆ ಸುಮಾರು 90 ಡಿಗ್ರಿ ಸೆಲ್ಸಿಯಸ್ ಬಿಸಿ. ಮೊಟ್ಟೆ, ಗೆಣಸನ್ನು ಬಲೆಚೀಲದಲ್ಲಿ ಕಟ್ಟಿ ಅದರಲ್ಲೇ ಬೇಯಿಸಿಕೊಳ್ಳುತ್ತಾರೆ. ತೊರೆಯ ಮೇಲೊಂದು ಮರದ ಗುಡಿಸಲಿದೆ, ತ್ಸುಬೊಯು ಅಂತ ಹೆಸರು. ಒಳಗೆ ಇಬ್ಬರಿಗಷ್ಟೇ ಜಾಗ. ಅರ್ಧ ಗಂಟೆಗೊಂದು ಸರದಿ. ಹಿಂದೆ ಯಾತ್ರಿಕರು ಇಲ್ಲಿ ಮಿಂದು ಮಡಿಯಾಗಿಯೇ ಕುಮಾನೊ ಹೊಂಗು ದೇಗುಲಕ್ಕೆ ಹೋಗುತ್ತಿದ್ದರು.

'ನಮ್ಮ ಕರ್ನಾಟಕದಲ್ಲಿ ಇಂಥದ್ದೊಂದೂ ಇಲ್ಲ ಅಲ್ವಾ?' ಎಂದರು ಆಕೆ.

ನನಗೆ ಕೆಣಕಿದ್ದು ಆ ಮಾತು. ಇದೆ. ಎರಡು ತುಂಡಾಗಿ ಬಿದ್ದಿದೆ, ಅಷ್ಟೇ. ಕಾಡುದಾರಿಯ ಮನೆ ಕುಕ್ಕೆ ಸುಬ್ರಹ್ಮಣ್ಯದ ಮೇಲಿದೆ, ಬಿಸಿನೀರು ಪುತ್ತೂರಿನ ಕೆಳಗಿದೆ. ಎರಡನ್ನೂ ಒಂದೇ ಓಟದಲ್ಲಿ ನೋಡಿ ಬರೋಣವೆಂದು ಮೆಜೆಸ್ಟಿಕ್‌ನಿಂದ ರಾತ್ರಿ ಬಸ್ ಹತ್ತಿದೆ.

ಕುಮಾರ ಪರ್ವತದ ಎತ್ತರ 1,712 ಮೀಟರ್. ಮುಳ್ಳಯ್ಯನಗಿರಿಯ ಮುಂದೆ ತಮ್ಮ. ಆದರೆ ಮುಳ್ಳಯ್ಯನಗಿರಿಗೆ ಕಾರು ಬಹುಪಾಲು ಒಯ್ದುಬಿಡುತ್ತದೆ, ಇಲ್ಲಿ ಕಾಲೇ ಒಯ್ಯಬೇಕು. ಕುಕ್ಕೆಯಿಂದ ಹೊರಟರೆ ಮೊದಲು ದಟ್ಟ ಕಾಡು, ಬೇರುಗಳೇ ಮೆಟ್ಟಿಲಾದ ಏರು. ಭೀಮನ ಕಲ್ಲು ದಾಟಿ, ಉಸಿರು ಬಾಯಿಗೆ ಬಂದ ಹೊತ್ತಿಗೆ ಕಾಡು ಬಿಡುತ್ತದೆ, ಗಿರಿಗದ್ದೆ ಬರುತ್ತದೆ. ಅಡಿಕೆ ತೋಟ, ದನ, ಹೆಂಚಿನ ಮನೆ. ಅದೇ ಭಟ್ಟರ ಮನೆ. ಅದರಾಚೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್, ನೆರಳಿಲ್ಲದ ಹುಲ್ಲುಗಾವಲು, ಕಲ್ಲು ಮಂಟಪ, ಶೇಷ ಪರ್ವತ, ಕೊನೆಗೆ ಶಿಖರ. ಆಚೆ ಬದಿ ಇಳಿದರೆ ಕೊಡಗಿನ ಸೋಮವಾರಪೇಟೆ ಸೀಮೆ. ಈ ಹಾದಿಯ ವರ್ಣನೆ ಓದುಗರಿಗೆ ಸಾಕಷ್ಟು ಸಿಕ್ಕಿರುತ್ತದೆ, ನಾನು ಬೆಳೆಸುವುದಿಲ್ಲ.

ಊಟದ ಬಗ್ಗೆ ಮಾತ್ರ ಹೇಳಲೇಬೇಕು. ಸ್ಟೀಲ್ ತಟ್ಟೆ, ಅನ್ನ, ಅದರ ಮೇಲೆ ತೆಳ್ಳಗಿನ ಬಿಸಿ ಸಾಂಬಾರು, ಪಕ್ಕದಲ್ಲಿ ಉಪ್ಪಿನಕಾಯಿ, ಕೊನೆಗೆ ಮಜ್ಜಿಗೆ. ಮೆನು ಮುಗಿಯಿತು. ಉಂಡ ತಟ್ಟೆಯನ್ನು ನಾವೇ ತೊಳೆದಿಡಬೇಕು. ನನ್ನ ಪಕ್ಕ ಕೂತಿದ್ದ ಹುಡುಗ, ನಗರದಲ್ಲಿ ಸಾಂಬಾರಿನ ತರಕಾರಿ ಬದಿಗೆ ಸರಿಸುವವನೇ ಇರಬೇಕು, ತಟ್ಟೆಯ ಅಂಚಿಗೆ ಅಂಟಿದ್ದ ಕೊನೆಯ ಅಗುಳನ್ನೂ ಬೆರಳಲ್ಲಿ ಬಳಿದ. ರಸ್ತೆಯಿಲ್ಲದ ಜಾಗಕ್ಕೆ ಬೇಳೆ, ಬೆಲ್ಲ, ಉಪ್ಪು ಎಲ್ಲವೂ ಕುಕ್ಕೆಯಿಂದ ಹೊತ್ತುಕೊಂಡೇ ಬರಬೇಕು ಎಂಬುದು ಏರಿ ಬಂದವನ ಮೊಣಕಾಲಿಗೆ ಚೆನ್ನಾಗಿ ಗೊತ್ತು. ದಶಕಗಳಿಂದ ಈ ಮನೆ ಬಂದವರಿಗೆ ಹೀಗೆ ಬಡಿಸುತ್ತಲೇ ಬಂದಿದೆ. ಜಪಾನಿನ ಯಾಮಾನಾಶಿ ಪ್ರಾಂತ್ಯದಲ್ಲಿ ಕೇಯುನ್‌ಕಾನ್ ಎಂಬ ಬಿಸಿನೀರಿನ ತಂಗುಮನೆಯಿದೆ, ಕ್ರಿ.ಶ. 705ರಲ್ಲಿ ಶುರುವಾದದ್ದು, ಜಗತ್ತಿನ ಅತ್ಯಂತ ಹಳೆಯ ಹೋಟೆಲೆಂದು ಗಿನ್ನೆಸ್ ದಾಖಲೆ. ನಮ್ಮದಕ್ಕೆ ದಾಖಲೆ ಬೇಡ. ದಣಿದು ಬಂದವನ ಮುಂದೆ ಮಾತಿಲ್ಲದೆ ತಟ್ಟೆ ಇಡುವ ಗುಣ ಎರಡೂ ಕಡೆ ಒಂದೇ.

ಭಟ್ಟರ ಮನೆಯ ಅಂಗಳದಲ್ಲಿ ಕೂತಾಗ ಇಲ್ಲದಿರುವುದು ಒಂದೇ ಅನ್ನಿಸಿತು. ಬೆಟ್ಟದಿಂದ ಪೈಪಿನಲ್ಲಿ ಇಳಿದ ನೀರು ಕಾಲಿಗೆ ಬಿದ್ದಾಗ ಚಳಿ ನೆತ್ತಿಗೇರಿತು. ಒಂದು ಹಂಡೆ ಬಿಸಿನೀರು ಇದ್ದಿದ್ದರೆ!

ಹಂಡೆ ಎಂದೆನಲ್ಲ, ಇಲ್ಲಿ ಸ್ವಲ್ಪ ದಾರಿ ಬಿಡುತ್ತೇನೆ. ಜಪಾನಿನವರು ಸ್ನಾನಪ್ರಿಯರು ಎಂದು ಬೆರಗಾಗುವ ನಾವು ಏನು ಕಡಿಮೆ? ದಕ್ಷಿಣ ಕನ್ನಡದ ಯಾವುದೇ ಹಳೆಯ ತೋಟದ ಮನೆಯ ಬಚ್ಚಲಿಗೆ ಹೋಗಿ. ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಕೆಳಗೆ ಅಡಿಕೆ ಸಿಪ್ಪೆ, ಒಣ ಮಡಲು, ಬೆಳಗಿನಿಂದ ರಾತ್ರಿಯವರೆಗೆ ಆರದ ಕೆಂಡ. ದೀಪಾವಳಿಯಲ್ಲಿ ನರಕ ಚತುರ್ದಶಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬ. ಹಂಡೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿ, ಸುಣ್ಣ ಜೇಡಿಯಲ್ಲಿ ಗೆರೆ ಎಳೆದು, ಅದರ ಕೊರಳಿಗೆ ಹಿಂಡ್ಲೆಕಾಯಿಯ ಬಳ್ಳಿ ಕಟ್ಟಿ ಪೂಜೆ ಮಾಡುತ್ತಾರೆ. ಜಪಾನಿನವರು ಚಳಿಗಾಲದಲ್ಲಿ ವರ್ಷದ ಅತಿ ಸಣ್ಣ ಹಗಲಿನ ದಿನ ಸ್ನಾನದ ತೊಟ್ಟಿಯಲ್ಲಿ ಯುಜು ಎಂಬ ನಿಂಬೆಜಾತಿಯ ಹಣ್ಣು ತೇಲಿಬಿಡುತ್ತಾರೆ. ನಾವು ಕಾಯನ್ನು ಹಂಡೆಯ ಹೊರಗೆ ಕಟ್ಟುತ್ತೇವೆ, ಅವರು ಹಣ್ಣನ್ನು ಒಳಗೆ ಬಿಡುತ್ತಾರೆ.

ಇನ್ನೂ ಸ್ವಾರಸ್ಯ ಇದೆ. ಅವರಲ್ಲೂ ಹಂಡೆಯಿದೆ, ಮನುಷ್ಯನೇ ಇಳಿದು ಕೂರುವಷ್ಟು ದೊಡ್ಡದು. ಕಬ್ಬಿಣದ ಹಂಡೆಗೆ ಕೆಳಗಿನಿಂದ ಬೆಂಕಿ. ತಳ ಸುಡಬಾರದೆಂದು ತೇಲುವ ಮರದ ಹಲಗೆ. ಅದರ ಮೇಲೆ ಕಾಲಿಟ್ಟು ಮೆಲ್ಲಗೆ ಒತ್ತುತ್ತ ಒಳಗೆ ಇಳಿಯಬೇಕು. ಹಲಗೆ ಓರೆಯಾಯಿತೋ, ಪಾದ ಹುರಿದುಹೋದಂತೆ! ಇದಕ್ಕೆ ಗೊಎಮೊನ್ ಸ್ನಾನ ಎನ್ನುತ್ತಾರೆ. ಇಶಿಕಾವಾ ಗೊಎಮೊನ್ ಎಂಬ ಕುಖ್ಯಾತ ಕಳ್ಳನನ್ನು 1594ರಲ್ಲಿ ಕ್ಯೋಟೊದಲ್ಲಿ ಕೊಪ್ಪರಿಗೆಯಲ್ಲಿ ಕುದಿಸಿ ಕೊಂದರಂತೆ. ಕೊಂದ ಪಾತ್ರೆಯ ನೆನಪಿಗೆ ಮೀಯುವ ಪಾತ್ರೆಗೆ ಅವನ ಹೆಸರು. ಮನೆಯ ಮಕ್ಕಳು 'ಮೈ ನೇಬರ್ ಟೊಟೊರೊ' ಸಿನಿಮಾ ನೋಡಿದ್ದರೆ ಅಪ್ಪ ಮಕ್ಕಳು ಇಂಥ ಹಂಡೆಯಲ್ಲಿ ಒಟ್ಟಿಗೆ ಮೀಯುವ ದೃಶ್ಯ ನೆನಪಿರಬೇಕು. ನಮ್ಮ ಅಜ್ಜಿಯರು ಇದನ್ನು ಕೇಳಿದ್ದರೆ ಮೂಗು ಮುರಿಯುತ್ತಿದ್ದರು: ಒಬ್ಬರು ಕೂತ ನೀರಿಗೆ ಇನ್ನೊಬ್ಬರೇ? ಜಪಾನಿನ ಉತ್ತರವೂ ಸರಿಯಾಗಿಯೇ ಇದೆ. ತೊಟ್ಟಿಗೆ ಇಳಿಯುವ ಮೊದಲು ಹೊರಗೆ ಪುಟ್ಟ ಮಣೆಯ ಮೇಲೆ ಕೂತು ಸಾಬೂನು ಹಚ್ಚಿ ಪೂರಾ ತೊಳೆದುಕೊಳ್ಳಬೇಕು. ಕೊಳೆ ಹೊರಗೆ, ಸುಖ ಒಳಗೆ. ಆ ಒಂದು ನಿಯಮವನ್ನು ಮರುದಿನ ನಾನು ಬಹಳ ನೆನೆದೆ.

ಕುಕ್ಕೆಯಿಂದ ಕಾಣಿಯೂರು ಮಾರ್ಗವಾಗಿ ಪುತ್ತೂರಿಗೆ ಸುಮಾರು 50 ಕಿ.ಮೀ. ಅಲ್ಲಿಂದ ಬೆಟ್ಟಂಪಾಡಿ ಕಡೆಯ ರಸ್ತೆ ಹಿಡಿದು 15 ಕಿ.ಮೀ. ಹೋದರೆ ಇರ್ದೆ ಗ್ರಾಮ. ಇನ್ನು ಸ್ವಲ್ಪ ಮುಂದೆ ಹೋದರೆ ಕಾಸರಗೋಡು ಜಿಲ್ಲೆಯ ಗಡಿ. ಸೀರೆಹೊಳೆಯ ದಂಡೆಯಲ್ಲಿ, ಅಡಿಕೆ ತೋಟಗಳ ನಡುವೆ, ಹೇಳದಿದ್ದರೆ ಯಾರೂ ನಿಲ್ಲಿಸದ ಜಾಗದಲ್ಲಿ ಬೆಂದ್ರು ತೀರ್ಥ. ಕಣ್ವ ಮಹರ್ಷಿಗಳು ತಪಸ್ಸು ಮಾಡಿದ ಜಾಗವೆಂದು ಸ್ಥಳಪುರಾಣ. ಪತ್ರಿಕೆಗಳ ಹಳೆಯ ತುಣುಕುಗಳನ್ನು ಜೋಡಿಸಿದರೆ ಒಂದೇ ಕತೆ ಮರುಕಳಿಸುತ್ತದೆ: ಚರ್ಮರೋಗಕ್ಕೆ ಒಳ್ಳೆಯದೆಂಬ ನಂಬಿಕೆ, ನೀರಿನ ಬಿಸಿ 99ರಿಂದ 106 ಡಿಗ್ರಿ ಫ್ಯಾರನ್‌ಹೀಟ್, ಅಭಿವೃದ್ಧಿಗೆ ಮನವಿ. 'ದಕ್ಷಿಣ ಭಾರತದ ಏಕೈಕ ಬಿಸಿನೀರಿನ ಬುಗ್ಗೆ' ಎಂಬ ಬಿರುದೂ ಇದೆ. ಅದನ್ನು ನಾನು ಒಪ್ಪುವುದಿಲ್ಲ. ತೆಲಂಗಾಣದ ಮಣುಗೂರು ಬಳಿಯ ಪಗಿಡೇರುವಿನಲ್ಲಿ ಬಿಸಿನೀರು ಚಿಮ್ಮುತ್ತದೆ. ಸಿಂಗರೇಣಿ ಗಣಿ ಕಂಪನಿ ಅದರಿಂದ ಪ್ರಾಯೋಗಿಕವಾಗಿ ವಿದ್ಯುತ್ತನ್ನೂ ತೆಗೆದಿದೆ. ಕರ್ನಾಟಕದ ಮಟ್ಟಿಗೆ ಹೇಳಿದರೆ ಸಾಲದೇ?

ಕಟ್ಟಿದ ಕೊಳ, ಇಳಿಯಲು ಮೆಟ್ಟಿಲು. ಗಂಧಕದ ವಾಸನೆ ಬರುತ್ತದೆಂದು ಬರೆದವರಿದ್ದಾರೆ. ನನ್ನ ಮೂಗಿಗೆ ಪಾಚಿಯ ವಾಸನೆಯೇ ಜೋರಾಗಿತ್ತು. ಮೇಲಿನ ಮೆಟ್ಟಿಲ ಮೇಲೆ ಹರಿದ ಶಾಂಪೂ ಸ್ಯಾಶೆಗಳು, ಸೋಪಿನ ಕಾಗದ. ಮುಖ ಸಿಂಡರಿಸಿಕೊಂಡೇ ಕಾಲು ಇಳಿಬಿಟ್ಟೆ. ಆಮೇಲೆ ಸೊಂಟ, ಆಮೇಲೆ ಕುತ್ತಿಗೆಯವರೆಗೆ. ಬೆಟ್ಟ ಇಳಿದು ಕಗ್ಗಂಟಾಗಿದ್ದ ಮೀನಖಂಡ ಒಂದೊಂದೇ ಎಳೆಯಾಗಿ ಸಡಿಲವಾಯಿತು. ಸುಡುವ ಬಿಸಿಯಲ್ಲ, ಎಳೆಮಗುವಿಗೆ ಹದ ಮಾಡಿದ ಬಿಸಿ. ಒಲೆಯಿಲ್ಲ, ಗೀಸರಿಲ್ಲ, ಸೋಲಾರ್ ಇಲ್ಲ. ನೆಲವೇ ಕಾಯಿಸಿ ಕಳಿಸಿದ ನೀರು. ದಡದಲ್ಲಿ ಕಾಲು ಮುಳುಗಿಸಿ ಕೂತಿದ್ದ ಹಿರಿಯರೊಬ್ಬರು ನನ್ನ ಮುಖ ನೋಡಿ ನಕ್ಕರು.

'ಬೆಂಗ್ಳೂರಿನವರಾ?'

ಹೌದೆಂದೆ.

'ಮೊದಲು ಇದಕ್ಕಿಂತ ಬಿಸಿ ಇತ್ತು ಮಾರಾಯ್ರೆ. ಬೋರ್‌ವೆಲ್ ಬಂದ ಮೇಲೆ ಹೀಗೆ.'

ಬೋರ್‌ವೆಲ್ ಮೇಲಿನ ಈ ದೂರು ಊರಿನಲ್ಲಿ ಹಲವರದು. ಅದರಲ್ಲಿ ಅರ್ಥವಿಲ್ಲದಿಲ್ಲ. ಇಲ್ಲಿ ಜಪಾನಿನಂತೆ ಜ್ವಾಲಾಮುಖಿಯಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಸುರಿಯುವ ಮಳೆಯಲ್ಲಿ ಒಂದಿಷ್ಟು ನೀರು ಬಂಡೆಯ ಬಿರುಕುಗಳಲ್ಲಿ ಆಳಕ್ಕೆ ಇಳಿಯುತ್ತದೆ. ಒಂದು ಕಿಲೋಮೀಟರ್ ಇಳಿದಂತೆಲ್ಲ ನೆಲದೊಳಗಿನ ಬಿಸಿ 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಈ ನೀರು ಕಡಿಮೆಯೆಂದರೂ ಅರ್ಧ ಕಿಲೋಮೀಟರ್ ಆಳ ಮುಟ್ಟಿ, ಕಾದು, ಇನ್ನೊಂದು ಬಿರುಕು ಹಿಡಿದು ಬೇಗ ಮೇಲೆ ಬಂದಿರಬೇಕು. ಮಹಾರಾಷ್ಟ್ರದ ಕೊಂಕಣದ ಬುಗ್ಗೆಗಳೂ ಹೀಗೆಯೇ ಜ್ವಾಲಾಮುಖಿಯ ಹಂಗಿಲ್ಲದೆ ಕಾದು ಬರುವಂಥವು. ದಾರಿಯಲ್ಲಿ ಯಾರಾದರೂ ನೀರು ಎಳೆದರೆ ಒತ್ತಡ ಕುಗ್ಗುತ್ತದೆ. ಮೇಲ್ಪದರದ ತಣ್ಣೀರು ಬೆರೆತರೆ ಬಿಸಿ ಇಳಿಯುತ್ತದೆ. ಮಳೆಗಾಲದಲ್ಲಿ ಈ ಕೊಳ ಬರೀ ಬೆಚ್ಚಗಾಗುವುದಕ್ಕೂ ಕಾರಣ ಅದೇ.

ಜಪಾನಿನಲ್ಲಿ ಇಂಥ ನೀರಿಗೆಂದೇ 1948ರ ಕಾನೂನಿದೆ. ನೆಲದಿಂದ ಬಂದ ನೀರು 25 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು, ಅದು ಬಿಸಿನೀರಿನ ಬುಗ್ಗೆ. ಲೆಕ್ಕ ಹಾಕಿ ನನಗೆ ನಗು ಬಂತು. ನಮ್ಮ ಕರಾವಳಿಯ ಸಾಮಾನ್ಯ ಬಾವಿಯ ನೀರೇ ಆ ಗೆರೆಯ ಮೇಲಿರುತ್ತದೆ! ಟೋಕಿಯೊದ ಕಾನೂನು ಪುತ್ತೂರಿಗೆ ಬಂದರೆ ಮನೆಗೊಂದು ತಂಗುಮನೆ ತೆರೆಯಬಹುದು. ತಮಾಷೆ ಬಿಡಿ, 37ರಿಂದ 41 ಡಿಗ್ರಿಯ ಬೆಂದ್ರು ತೀರ್ಥ ಆ ಪರೀಕ್ಷೆಯಲ್ಲಿ ಮೊದಲ ದರ್ಜೆಯಲ್ಲಿ ಪಾಸು. ಆದರೆ ಅದೇ ಕಾನೂನಿನ ಇನ್ನೊಂದು ಭಾಗ ನಮಗೆ ಹೆಚ್ಚು ಬೇಕು: ಅಲ್ಲಿ ಬಿಸಿನೀರಿಗಾಗಿ ನೆಲ ಕೊರೆಯಬೇಕಾದರೆ ಪ್ರಾಂತ್ಯದ ಗವರ್ನರ್ ಅನುಮತಿ ಬೇಕು, ಪಕ್ಕದ ಬುಗ್ಗೆಗೆ ಪೆಟ್ಟು ಬೀಳುವಂತಿದ್ದರೆ ಅನುಮತಿ ಇಲ್ಲ.

ಬೆಂದ್ರು ತೀರ್ಥಕ್ಕೆ ರೆಸಾರ್ಟ್ ಬರಲಿ ಎನ್ನುವವರಿದ್ದಾರೆ. ನನಗೆ ಭಯ ಅದೇ. ಗುಂಪು ಬಂದರೆ ಏನಾಗುತ್ತದೆಂದು ಕುಮಾರ ಪರ್ವತದಲ್ಲಿ ನೋಡಿಯಾಗಿದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಚಾರಣಿಗರ ಸಾಲು ಜಾತ್ರೆಯಂತೆ ನಿಂತ ಚಿತ್ರಗಳು ಎಲ್ಲರ ಮೊಬೈಲಿಗೂ ಬಂದವು. ಚಾರಣ ನಿಲ್ಲಿಸಬೇಕಾಯಿತು, ಬಳಿಕ ಆನ್‌ಲೈನ್ ಟಿಕೆಟ್ ಬಂತು. ಪುಟ್ಟ ಕೊಳ ಅಷ್ಟು ಜನರನ್ನು ಒಂದು ವಾರಾಂತ್ಯವೂ ತಾಳಲಾರದು. ಇಲ್ಲಿಗೆ ಬೇಕಾದದ್ದು ಕೊಳದ ಹೊರಗೆ ಸೋಪು ಹಚ್ಚಿ ತೊಳೆದುಕೊಳ್ಳಲು ನಾಲ್ಕು ನಲ್ಲಿ, ಹೆಂಗಸರಿಗೆ ಬಾಗಿಲು ಭದ್ರವಿರುವ ಬಟ್ಟೆ ಬದಲಿಸುವ ಕೋಣೆ, ದಿನವೂ ಪಾಚಿ ತೆಗೆಯುವ ಒಬ್ಬರಿಗೆ ಸಂಬಳ, ಸುತ್ತ ಬೋರ್‌ವೆಲ್‌ಗೆ ತಡೆ. ಹತ್ತಿರದ ಯಾವುದಾದರೂ ತೋಟದ ಮನೆಯವರು ಗಿರಿಗದ್ದೆಯಲ್ಲಿ ಬಡಿಸುವಂತೆ ಅನ್ನ ಸಾಂಬಾರು ಬಡಿಸಲು ಒಪ್ಪಿದರೆ, ಯುನೊಮಿನೆಯ ಮಾತು ಎತ್ತಿದ ನಮ್ಮ ಮೇಲಿನ ಮಹಡಿಯವರಿಗೆ ಧೈರ್ಯವಾಗಿ ವಿಳಾಸ ಕೊಡುತ್ತೇನೆ.

ಹೋಗುವವರು ಡಿಸೆಂಬರ್‌ನಿಂದ ಫೆಬ್ರುವರಿಯೊಳಗೆ ಹೋಗಿ. ಬೆಟ್ಟಕ್ಕೆ ಅರಣ್ಯ ಇಲಾಖೆಯ ಟಿಕೆಟ್ ಮೊದಲೇ ತೆಗೆದಿಡಿ, ಗಿರಿಗದ್ದೆಯಲ್ಲಿ ಊಟ ಬೇಕಿದ್ದರೆ ಮುಂಚೆಯೇ ತಿಳಿಸಿ, ರಾತ್ರಿ ತಂಗಲು ಈಗಿನ ನಿಯಮವೇನೆಂದು ವಿಚಾರಿಸಿಕೊಳ್ಳಿ. ಮೊದಲು ಬೆಟ್ಟ, ಆಮೇಲೆ ಬಿಸಿನೀರು. ತಿರುಗಿಸಿ ಮಾಡಿದರೆ ಪ್ರಯೋಜನವಿಲ್ಲ. ಬೆಂದ್ರು ತೀರ್ಥಕ್ಕೆ ಸೋಪು, ಶಾಂಪೂ ಮಾತ್ರ ದಯವಿಟ್ಟು ಒಯ್ಯಬೇಡಿ.