ನೀಹಾರಿಕೆಗಳ ಛಾಯಾಗ್ರಹಣ: ಹೊಸಬರು ಏನನ್ನು ನಿರೀಕ್ಷಿಸಬಹುದು?

ಮಲೆನಾಡಿನಲ್ಲಿ ಮಳೆಗಾಲವು ಹಿಂದೆ ಸರಿದು ಚಳಿ ಕಾಲಿರಿಸಿದೊಡನೆ, ವಸ್ತಾರೆಯ ಸುತ್ತಣ ಕಾಫಿ ತೋಟಗಳಲ್ಲಿ ಹಣ್ಣು ಕುಯ್ಯುವ ಕೆಲಸ ಮೊದಲಾಗುತ್ತದೆ. ಹಗಲೆಲ್ಲ ಕಾಫಿಯನ್ನು ಹರವಿ ಒಣಗಿಸುವ ಕಣವು ಇರುಳಿನಲ್ಲಿ ಮತ್ತೊಂದು ಕೆಲಸಕ್ಕೂ ಒದಗುತ್ತದೆ. ನೆರಳುಮರಗಳು ದಟ್ಟವಾಗಿ ಬೆಳೆದ ತೋಟದೊಳಗೆ ನಿಂತವನಿಗೆ ತುಣುಕು ತುಣುಕಾಗಿ ಮಾತ್ರ ಕಾಣುವ ಆಕಾಶವು ಕಣದ ನಡುವೆ ನಿಂತವನಿಗೆ ವಿಶಾಲವಾಗಿ ತೆರೆದುಕೊಳ್ಳುತ್ತದೆ. ಪಟ್ಟಣದ ದೀಪಗಳ ಕಾಂತಿಯು ಒಂದು ಕಡೆಯ ದಿಗಂತವನ್ನು ಮಾತ್ರ ಬೆಳಗುತ್ತಿರುವುದರಿಂದ, ಅಮಾವಾಸ್ಯೆಯ ಆಚೀಚೆಗೆ ಸಾವಿರಾರು ನಕ್ಷತ್ರಗಳನ್ನು ಇಲ್ಲಿ ಬರಿಗಣ್ಣಿನಿಂದಲೇ ಕಾಣಬಹುದು.

ಇಂತಹ ಕಣದಲ್ಲಿ ವಿದ್ಯಾರ್ಥಿಯೊಬ್ಬನು ಮನೆಯಲ್ಲಿರುವ ಸಾಮಾನ್ಯ ಕ್ಯಾಮೆರಾವನ್ನು ಟ್ರೈಪಾಡಿನ ಮೇಲೆ ನಿಲ್ಲಿಸಿ, ದೇವಯಾನಿ ನಕ್ಷತ್ರಪುಂಜದ ಕಡೆಗೆ ತಿರುಗಿಸಿ, ಮೊದಲ ಚಿತ್ರವನ್ನು ತೆಗೆಯುತ್ತಾನೆಂದು ಭಾವಿಸೋಣ. ಅವನ ಮನಸ್ಸಿನಲ್ಲಿರುವುದು ಪುಸ್ತಕದಲ್ಲಿಯೂ ಅಂತರಜಾಲದಲ್ಲಿಯೂ ಕಂಡ, ನೀಲಿ ಮತ್ತು ಹೊಂಬಣ್ಣದ ಸುರುಳಿಗಳಿಂದ ಕೂಡಿದ ಭವ್ಯ ಚಿತ್ರ. ಕ್ಯಾಮೆರಾದ ಹಿಂಬದಿಯಲ್ಲಿ ಮೂಡಿದುದಾದರೋ ಬೆರಳು ತಾಗಿ ಉಂಟಾದ ಕಲೆಯಂತಹ ಒಂದು ಬೂದುಬಣ್ಣದ ಮಚ್ಚೆ. ಈ ನಿರಾಶೆಯಿಂದ ಎರಡು ತಪ್ಪು ತೀರ್ಮಾನಗಳು ಹುಟ್ಟುವುದುಂಟು. ಹೆಚ್ಚು ಬೆಲೆಯ ದೂರದರ್ಶಕವಿಲ್ಲದೆ ಈ ಕೆಲಸ ಸಾಗದೆಂಬುದು ಮೊದಲನೆಯದು. ಪುಸ್ತಕದ ಚಿತ್ರಗಳೆಲ್ಲವೂ ಬಣ್ಣ ಬಳಿದ ಸುಳ್ಳುಗಳೆಂಬುದು ಎರಡನೆಯದು. ಮೊದಲನೆಯದರಿಂದ ಮನೆಯವರ ಹಣ ವ್ಯರ್ಥವಾಗುತ್ತದೆ. ಎರಡನೆಯದರಿಂದ ವಿಜ್ಞಾನದ ಮೇಲಣ ನಂಬಿಕೆಯೇ ಕೆಡುತ್ತದೆ. ಆದುದರಿಂದ ಸಾಮಾನ್ಯ ಉಪಕರಣದಿಂದ ಏನು ಸಾಧ್ಯ, ಏನು ಅಸಾಧ್ಯ ಎಂಬುದನ್ನು ಲೆಕ್ಕ ಹಾಕಿ ತಿಳಿಯುವುದು ಒಳ್ಳೆಯದು.

ಹೋಲಿಕೆಯ ಅನ್ಯಾಯ

1990ರಲ್ಲಿ ಆಕಾಶಕ್ಕೇರಿದ ಹಬಲ್ ದೂರದರ್ಶಕದ ಕನ್ನಡಿಯ ವ್ಯಾಸ 2.4 ಮೀಟರ್. ನಮ್ಮ ವಿದ್ಯಾರ್ಥಿಯ 50 ಮಿಲಿಮೀಟರ್ ಮಸೂರದ ಬಾಯಿ 25 ಮಿಲಿಮೀಟರ್ ಅಗಲಕ್ಕೆ ತೆರೆದಿದೆಯೆಂದು ಇಟ್ಟುಕೊಳ್ಳೋಣ. ಬೆಳಕನ್ನು ಕೂಡಿಸುವ ಶಕ್ತಿಯು ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ ಹಬಲ್ಲಿನ ಕನ್ನಡಿ ಅದೇ ಅವಧಿಯಲ್ಲಿ ಇದರ 9,200 ಪಟ್ಟು ಬೆಳಕನ್ನು ಹಿಡಿಯುತ್ತದೆ. ಅದೂ ಸಾಲದೆ, ಅದು ವಾಯುಮಂಡಲಕ್ಕಿಂತ ಮೇಲಿದೆ. ಇಷ್ಟಿದ್ದರೂ 2006ರಲ್ಲಿ ಪ್ರಕಟವಾದ, ಮಹಾವ್ಯಾಧ ನೀಹಾರಿಕೆಯ ಪ್ರಸಿದ್ಧ ಹಬಲ್ ಚಿತ್ರವು ಒಂದೇ ಸಲಕ್ಕೆ ತೆಗೆದುದಲ್ಲ. 520 ಚಿತ್ರಗಳನ್ನು ಜೋಡಿಸಿ ಮಾಡಿದುದು. ಬೇರೆಬೇರೆ ಶೋಧಕಗಳ ಮೂಲಕ ಕಪ್ಪುಬಿಳುಪಿನಲ್ಲಿ ತೆಗೆದ ಚಿತ್ರಗಳಿಗೆ ಒಂದೊಂದು ಬಣ್ಣವನ್ನು ಗೊತ್ತುಮಾಡಿ ಅವುಗಳನ್ನು ಕೂಡಿಸುತ್ತಾರೆ. ಅದು ಸುಳ್ಳಲ್ಲ, ಕಣ್ಣಿಗೆ ನಿಲುಕದುದನ್ನು ಕಾಣಿಸುವ ಒಂದು ಕ್ರಮ.

ಭೂಮಿಯ ಮೇಲಿನ ವೃತ್ತಿನಿರತ ಖಗೋಳಜ್ಞರೂ ಒಳ್ಳೆಯ ಗಾಳಿಯನ್ನು ಅರಸಿ ದೂರ ಹೋಗುತ್ತಾರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ 2 ಮೀಟರ್ ದೂರದರ್ಶಕವು ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದ ಒಣ ಪ್ರದೇಶದಲ್ಲಿದೆ. ಅದನ್ನು ಹೊಸಕೋಟೆಯಲ್ಲಿ ಕುಳಿತು ನಡೆಸುತ್ತಾರೆ. ಕರ್ನಾಟಕದ ಅತ್ಯುನ್ನತ ಶಿಖರವಾದ ನಮ್ಮ ಮುಳ್ಳಯ್ಯನಗಿರಿಯ ಎತ್ತರವಾದರೂ 1,930 ಮೀಟರುಗಳಷ್ಟೆ. ಇಲ್ಲಿಯ ಗಾಳಿಯಲ್ಲಿ ತೇವವೂ ಹೆಚ್ಚು.

ತಿರುಗುವ ಭೂಮಿ, ಸಣ್ಣ ಬಿಂಬ

ಬೆಳಕು ಸಾಲದಿದ್ದರೆ ಕ್ಯಾಮೆರಾದ ಬಾಯಿಯನ್ನು ಹೆಚ್ಚು ಹೊತ್ತು ತೆರೆದಿಡಬಾರದೇಕೆ? ಇದಕ್ಕೆ ಅಡ್ಡಿಯಾಗಿರುವುದು ಭೂಮಿಯ ಭ್ರಮಣ. ಆಕಾಶವು ಗಂಟೆಗೆ 15 ಅಂಶಗಳಂತೆ, ಎಂದರೆ ಸೆಕೆಂಡಿಗೆ 15 ವಿಕಲೆಗಳಂತೆ ಸರಿಯುತ್ತದೆ. ಒಂದು ಅಂಶಕ್ಕೆ 60 ಕಲೆ, ಒಂದು ಕಲೆಗೆ 60 ವಿಕಲೆ. ಕ್ಯಾಮೆರಾದೊಳಗಿನ ಪಿಕ್ಸೆಲ್ ಎಂಬ ಬೆಳಕಿನ ಕೋಶವು ಮಿಲಿಮೀಟರಿನ ಸಾವಿರದಲ್ಲಿ ನಾಲ್ಕು ಭಾಗದಷ್ಟು ಅಗಲವಿದ್ದರೆ, 50 ಮಿಲಿಮೀಟರ್ ಮಸೂರದ ಹಿಂದೆ ಅದು ಆಕಾಶದ ಸುಮಾರು 16.5 ವಿಕಲೆಗಳನ್ನು ಆಕ್ರಮಿಸುತ್ತದೆ. ಆದಕಾರಣ ನಕ್ಷತ್ರದ ಬಿಂಬವು ಹೆಚ್ಚು ಕಡಮೆ ಸೆಕೆಂಡಿಗೊಂದು ಕೋಶವನ್ನು ದಾಟಿಹೋಗುತ್ತದೆ. ಆರು ಸೆಕೆಂಡುಗಳಾಚೆಗೆ ನಕ್ಷತ್ರಗಳು ಚುಕ್ಕೆಗಳಾಗಿ ಉಳಿಯದೆ ಗೆರೆಗಳಾಗತೊಡಗುತ್ತವೆ. ಉದ್ದವಾದ 200 ಮಿಲಿಮೀಟರ್ ಮಸೂರವನ್ನು ಹಾಕಿದರೆ ಒಂದೂವರೆ ಸೆಕೆಂಡಿನಲ್ಲಿಯೇ ಈ ಗತಿ ಒದಗುವುದು.

ಬಿಂಬದ ಗಾತ್ರವನ್ನೂ ಇದೇ ಲೆಕ್ಕದಿಂದ ಮುಂಚಿತವಾಗಿ ತಿಳಿಯಬಹುದು. ದೇವಯಾನಿ ಗೆಲಾಕ್ಸಿಯು ನಮ್ಮಿಂದ ಸುಮಾರು 25 ಲಕ್ಷ ಜ್ಯೋತಿರ್ವರ್ಷಗಳ ದೂರದಲ್ಲಿದ್ದರೂ ಆಕಾಶದಲ್ಲಿ ಅದರ ಉದ್ದ 3 ಅಂಶ, ಎಂದರೆ ಆರು ಪೂರ್ಣಚಂದ್ರರನ್ನು ಸಾಲಾಗಿ ಇಟ್ಟಷ್ಟು. 50 ಮಿಲಿಮೀಟರ್ ಮಸೂರದಲ್ಲಿ ಅದು ಸುಮಾರು 650 ಕೋಶಗಳಷ್ಟು ಉದ್ದವಾಗಿ ಮೂಡುತ್ತದೆ. ಸುಮಾರು ಒಂದು ಅಂಶ ಅಗಲದ ಮಹಾವ್ಯಾಧ ನೀಹಾರಿಕೆಗೆ 220 ಕೋಶಗಳು ದೊರೆಯುತ್ತವೆ. ಆದರೆ ಸುಳಿಯ ಆಕಾರಕ್ಕೆ ಹೆಸರಾದ ಎಂ 51 ಗೆಲಾಕ್ಸಿಯ ಉದ್ದ 11 ಕಲೆ. ಅದಕ್ಕೆ ಸಿಕ್ಕುವುದು 40 ಕೋಶಗಳಷ್ಟೆ. ಉಂಗುರ ನೀಹಾರಿಕೆಗಾದರೋ ಐದೇ ಕೋಶಗಳು! ಐದು ಕೋಶಗಳಲ್ಲಿ ಉಂಗುರವನ್ನು ಹುಡುಕುವುದು ವ್ಯರ್ಥಪ್ರಯಾಸ. ಇದು ಛಾಯಾಗ್ರಾಹಕನ ತಪ್ಪಲ್ಲ, ಮಸೂರದ ಮಿತಿ.

ತಾಳ್ಮೆಯ ಗಣಿತ

ಒಂದೊಂದು ಚಿತ್ರಕ್ಕೆ ಆರೇ ಸೆಕೆಂಡು ದೊರೆತರೂ ಅಂತಹ ಚಿತ್ರಗಳನ್ನು ನೂರಾರು ತೆಗೆಯಲು ಅಡ್ಡಿಯಿಲ್ಲ. ಮಂದವಾದ ಬೆಳಕಿನೊಡನೆ ಯಾವಾಗಲೂ ಕಣಕಣವಾದ ಗದ್ದಲವೊಂದು ಸೇರಿರುತ್ತದೆ. ನೀಹಾರಿಕೆಯ ಬೆಳಕು ಪ್ರತಿ ಚಿತ್ರದಲ್ಲಿಯೂ ಒಂದೇ ಸ್ಥಳದಲ್ಲಿ ಬೀಳುತ್ತದೆ; ಗದ್ದಲವಾದರೋ ಒಂದರಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಮತ್ತೊಂದು ಬಗೆ. ನಕ್ಷತ್ರಗಳನ್ನು ಒಂದರ ಮೇಲೊಂದು ಹೊಂದಿಸಿ ಚಿತ್ರಗಳ ಸರಾಸರಿಯನ್ನು ತೆಗೆದರೆ ನಿಜವಾದ ಬೆಳಕು ಉಳಿದು ಗದ್ದಲ ತಗ್ಗುತ್ತದೆ. ಈ ಲಾಭವು ಚಿತ್ರಗಳ ಸಂಖ್ಯೆಯ ವರ್ಗಮೂಲದಷ್ಟು: ನೂರು ಚಿತ್ರಗಳಿಂದ ಹತ್ತು ಪಟ್ಟು, ನಾನೂರರಿಂದ ಇಪ್ಪತ್ತು ಪಟ್ಟು. ಮೊದಲ ಅರ್ಧ ಗಂಟೆಯಲ್ಲಿ ಕಂಡ ಸುಧಾರಣೆಯನ್ನು ಎರಡರಷ್ಟು ಮಾಡಬೇಕಾದರೆ ಮತ್ತೊಂದು ಅರ್ಧ ಗಂಟೆ ಸಾಲದು. ಒಟ್ಟು ಎರಡು ಗಂಟೆ ಬೇಕು.

ಈ ಜೋಡಣೆಯನ್ನು ಮಾಡಿಕೊಡುವ ಸಿರಿಲ್, ಡೀಪ್ ಸ್ಕೈ ಸ್ಟ್ಯಾಕರ್ ಮುಂತಾದ ಗಣಕ ಕಾರ್ಯಕ್ರಮಗಳು ಬೆಲೆಯಿಲ್ಲದೆ ದೊರೆಯುತ್ತವೆ. ಚಿತ್ರಗಳನ್ನು ಜೆಪೆಗ್ ರೂಪದಲ್ಲಲ್ಲದೆ ರಾ ರೂಪದಲ್ಲಿ ಉಳಿಸಬೇಕು. ಕ್ಯಾಮೆರಾದ ಪರದೆಯ ಮೇಲೆ ಉಜ್ಜ್ವಲವಾದ ನಕ್ಷತ್ರವೊಂದನ್ನು ಹಿಗ್ಗಿಸಿ, ಅದು ಅತಿ ಸಣ್ಣ ಚುಕ್ಕೆಯಾಗುವವರೆಗೆ ಮಸೂರವನ್ನು ಕೈಯಿಂದಲೇ ತಿರುಗಿಸಿ ಹೊಂದಿಸಬೇಕು. ಇಪ್ಪತ್ತು ನಿಮಿಷಗಳಲ್ಲಿ ಆಕಾಶವು 5 ಅಂಶ ಸರಿಯುವುದರಿಂದ ಆಗಾಗ ಕ್ಯಾಮೆರಾವನ್ನು ಮತ್ತೆ ಗುರಿಯಿಡಬೇಕು. ಕೊನೆಯಲ್ಲಿ ಮಸೂರಕ್ಕೆ ಮುಚ್ಚಳ ಹಾಕಿ ಅದೇ ಅವಧಿಯ ಇಪ್ಪತ್ತು ಮೂವತ್ತು ಚಿತ್ರಗಳನ್ನು ತೆಗೆದರೆ, ಕ್ಯಾಮೆರಾದ ಸ್ವಂತ ದೋಷಗಳನ್ನು ಕಳೆಯಲು ಅವು ಸಹಾಯಕವಾಗುತ್ತವೆ.

ನಮ್ಮ ಬೆಟ್ಟಗಳ ಕಷ್ಟ, ನಮ್ಮ ಭಾಗ್ಯ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶದ ಆಸೆಯನ್ನೇ ಬಿಡಬೇಕು. ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ನಾಲ್ಕು ತಿಂಗಳುಗಳೇ ನಮ್ಮ ಸುಗ್ಗಿ. ಆಮೇಲೆ ಕಾಫಿ ಬೆಳೆಗಾರರು ಹಾರೈಸುವ ಹೂಮಳೆಯು ಮೋಡಗಳನ್ನು ಕರೆತರುತ್ತದೆ. ಆ ನಾಲ್ಕು ತಿಂಗಳುಗಳಲ್ಲಿಯೂ ಬೆಳುದಿಂಗಳ ರಾತ್ರಿಗಳನ್ನು ಕಳೆದರೆ ತಿಂಗಳಿಗೆ ಹತ್ತು ಹನ್ನೆರಡು ಇರುಳುಗಳು ಉಳಿದಾವು. ಅವುಗಳಲ್ಲಿ ಮಂಜಿನ ಪಾಲೆಷ್ಟೋ, ಪರೀಕ್ಷೆಯ ಓದಿನ ಪಾಲೆಷ್ಟೋ!

ಇಲ್ಲಿಯ ದೊಡ್ಡ ಶತ್ರು ಇಬ್ಬನಿ. ಮಸೂರದ ಗಾಜು ತಣ್ಣಗಾದಂತೆ ಅದರ ಮೇಲೆ ನೀರು ಕೂಡಿ ನಕ್ಷತ್ರಗಳೆಲ್ಲವೂ ಮಸುಕಾಗುತ್ತವೆ. ಬಟ್ಟೆಯಿಂದ ಒರಸಿದರೆ ಮರುಕ್ಷಣವೇ ಮತ್ತೆ ಕೂಡುತ್ತದೆ. ಮಸೂರದ ಕೊಳವೆಯನ್ನು ಸುತ್ತಣ ಗಾಳಿಗಿಂತ ತುಸು ಬೆಚ್ಚಗಿಡುವುದೇ ಉಪಾಯ. ಕೈಗೆ ಹಿತವಾಗುವಷ್ಟು ಬಿಸಿಯಾದ ಮರಳನ್ನು ಬಟ್ಟೆಯಲ್ಲಿ ಕಟ್ಟಿ ಕೊಳವೆಗೆ ಸುತ್ತಿದರೂ ಆದೀತು.

ಧ್ರುವನಕ್ಷತ್ರದ ತೊಡಕು ಮತ್ತೊಂದು. ಯಾವುದೇ ಸ್ಥಳದಲ್ಲಿ ಧ್ರುವನ ಎತ್ತರವು ಆ ಸ್ಥಳದ ಅಕ್ಷಾಂಶದಷ್ಟಿರುವುದರಿಂದ, ವಸ್ತಾರೆಯಲ್ಲಿ ಅದು ದಿಗಂತದಿಂದ ಸುಮಾರು 13 ಅಂಶ ಮಾತ್ರ ಮೇಲಿದೆ. ಕೈನೀಡಿ ಹಿಡಿದ ಮುಷ್ಟಿಗಿಂತ ಸ್ವಲ್ಪವೇ ಹೆಚ್ಚು. ಬೆಟ್ಟವೋ ಸಿಲ್ವರ್ ಓಕ್ ಮರಗಳ ಸಾಲೋ ಅದನ್ನು ಮರೆಮಾಡುವುದು ಸಾಮಾನ್ಯ. ಭೂಭ್ರಮಣಕ್ಕೆ ಎದುರಾಗಿ ಕ್ಯಾಮೆರಾವನ್ನು ತಿರುಗಿಸುವ ಪೀಠವನ್ನು ಮುಂದೆ ಕೊಂಡವರು ಅದರ ಅಕ್ಷವನ್ನು ಧ್ರುವದ ಕಡೆಗೆ ನಿಲ್ಲಿಸಬೇಕಾಗುತ್ತದೆ. ಧ್ರುವನು ಕಾಣದಿದ್ದರೆ ದಿಕ್ಸೂಚಿಯಿಂದ ಉತ್ತರವನ್ನು ಗುರುತಿಸಿ ಅಕ್ಷವನ್ನು 13 ಅಂಶ ಎತ್ತರಿಸಿಕೊಳ್ಳಬಹುದು; ಚಿಕ್ಕ ಮಸೂರಕ್ಕೆ ಅಷ್ಟು ಸಾಕು.

ಇದೇ ಅಕ್ಷಾಂಶವು ನಮಗೆ ಒಂದು ಭಾಗ್ಯವನ್ನೂ ಕೊಟ್ಟಿದೆ. ಲಂಡನ್ ನಗರದವರು ತಮ್ಮ ಊರಿನಿಂದ ಎಂದೂ ಕಾಣಲಾರದ ಓಮೆಗಾ ಸೆಂಟಾರಿ ಎಂಬ ಮಹಾ ನಕ್ಷತ್ರಗುಚ್ಛವು ನಮ್ಮ ದಕ್ಷಿಣ ಆಕಾಶದಲ್ಲಿ 29 ಅಂಶಗಳಷ್ಟು ಮೇಲೇರುತ್ತದೆ. ಮಾರ್ಚ್ ಕೊನೆಯಲ್ಲಿ ನಡುರಾತ್ರಿ ಕಳೆದ ಮೇಲೆ ಅದನ್ನು ಸಾಮಾನ್ಯ ಕ್ಯಾಮೆರಾದಲ್ಲಿಯೂ ಹಿಡಿಯಬಹುದು.

ಎಚ್ಚರಿಕೆಯ ಮಾತೊಂದನ್ನು ಇಲ್ಲಿಯೇ ಹೇಳಬೇಕು. ಈ ಪ್ರದೇಶದ ತೋಟಗಳಲ್ಲಿ ಕಾಡಾನೆಗಳು ಸಂಚರಿಸುವುದುಂಟು. ಯಾವ ಚಿತ್ರಕ್ಕಾಗಿಯೂ ಒಬ್ಬರೇ ಕತ್ತಲಲ್ಲಿ ತೋಟದ ದಾರಿ ಹಿಡಿಯಬಾರದು. ಮನೆಯ ಅಂಗಳವೋ ಮನೆಯ ಬಳಿಯ ಕಣವೋ ಸಾಕು. ಹಿರಿಯರಿಗೆ ತಿಳಿಸಿಯೇ ಹೊರಡಬೇಕು.

ಯಾವುದು ಸಫಲತೆ?

ಮೊದಲ ರಾತ್ರಿಯಲ್ಲಿ ನಕ್ಷತ್ರಗಳು ಚುಕ್ಕೆಗಳಾಗಿ ಮೂಡಿ, ಕೃತ್ತಿಕೆಯ ಗುಂಪು ಗುರುತು ಸಿಕ್ಕಿ, ಮಹಾವ್ಯಾಧನ ಕತ್ತಿಯ ನಡುವೆ ನಸುಗೆಂಪಿನ ಮಂಜಿನಂತಹುದೊಂದು ಕಂಡರೆ ಅದು ಪೂರ್ಣ ಸಫಲತೆ. ಮುನ್ನೂರು ಚಿತ್ರಗಳನ್ನು, ಎಂದರೆ ಅರ್ಧ ಗಂಟೆಯ ಬೆಳಕನ್ನು, ಜೋಡಿಸಿದಾಗ ದೇವಯಾನಿ ಗೆಲಾಕ್ಸಿಯ ಹೊಳೆಯುವ ನಡುಭಾಗ, ಅದರ ಸುತ್ತಣ ಅಂಡಾಕಾರದ ಮಂದಕಾಂತಿ, ಪಕ್ಕದ ಎರಡು ಕಿರಿಯ ಗೆಲಾಕ್ಸಿಗಳು, ಧೂಳಿನ ಪಟ್ಟೆಯ ತುಸು ಸೂಚನೆ ಇವಿಷ್ಟನ್ನು ನಿರೀಕ್ಷಿಸುವುದು ನ್ಯಾಯ. ಕುದುರೆಯ ತಲೆಯ ಆಕಾರದ ನೀಹಾರಿಕೆಯನ್ನು ನಿರೀಕ್ಷಿಸಬಾರದು. ಅದರ ಹಿನ್ನೆಲೆಯಲ್ಲಿ ಬೆಳಗುವ ಜಲಜನಕದ ಕೆಂಪು ಬೆಳಕಿನ ಬಹುಭಾಗವನ್ನು ಸಾಮಾನ್ಯ ಕ್ಯಾಮೆರಾದೊಳಗಿನ ಶೋಧಕವೇ ತಡೆದುಬಿಡುತ್ತದೆ. ಗಣಕದಲ್ಲಿ ಚಿತ್ರವನ್ನು ತಿದ್ದುವಾಗಲೂ ಒಂದು ಮೇರೆಯನ್ನು ಪಾಲಿಸಬೇಕು: ಚಿತ್ರದಲ್ಲಿ ಹುದುಗಿರುವುದನ್ನು ಹೊರತೆಗೆಯುವುದು ಸರಿ, ಇಲ್ಲದುದನ್ನು ಬಳಿಯುವುದು ತಪ್ಪು.

ಹೋಲಿಸಲೇಬೇಕೆಂಬ ಆಸೆಯಿದ್ದರೆ ಹಬಲ್ಲನ್ನು ಬಿಟ್ಟು ಇತಿಹಾಸದ ಕಡೆಗೆ ನೋಡಬಹುದು. ಮಹಾವ್ಯಾಧ ನೀಹಾರಿಕೆಯ ಮೊದಲ ಛಾಯಾಚಿತ್ರವನ್ನು ಅಮೆರಿಕದ ಹೆನ್ರಿ ಡ್ರೇಪರ್ 1880ರ ಸೆಪ್ಟೆಂಬರ್ 30ರಂದು 11 ಅಂಗುಲದ ದೂರದರ್ಶಕದಿಂದ ತೆಗೆದನು. ಅದಕ್ಕೆ 51 ನಿಮಿಷಗಳು ಹಿಡಿದವು; ಮೂಡಿದುದು ನೀಹಾರಿಕೆಯ ಅತಿ ಉಜ್ಜ್ವಲವಾದ ಭಾಗವಷ್ಟೆ. ಇಂಗ್ಲೆಂಡಿನ ಐಸಾಕ್ ರಾಬರ್ಟ್ಸ್ 1888ರಲ್ಲಿ 20 ಅಂಗುಲದ ದೂರದರ್ಶಕದಿಂದ ದೇವಯಾನಿಯ ಸುರುಳಿಯನ್ನು ತೋರಿಸಿದನು. ಬಾಲ್ಯದಲ್ಲಿಯೇ ಛಾಯಾಚಿತ್ರದ ಅಂಗಡಿಯೊಂದರಲ್ಲಿ ದುಡಿಯುತ್ತಿದ್ದ ಬರ್ನಾರ್ಡ್ ಎಂಬ ಖಗೋಳಜ್ಞನು 1889ರಲ್ಲಿ ಲಿಕ್ ವೀಕ್ಷಣಾಲಯದಲ್ಲಿ ಆಕಾಶಗಂಗೆಯ ಸೊಗಸಾದ ಚಿತ್ರಗಳನ್ನು ತೆಗೆದುದು, ಜನರ ಭಾವಚಿತ್ರ ತೆಗೆಯಲೆಂದು ಮಾಡಿದ ಮಸೂರದಿಂದ! ಇಂದಿನ ಸಾಮಾನ್ಯ ಕ್ಯಾಮೆರಾದ ಬೆಳಕಿನ ಫಲಕವು ಆ ಕಾಲದ ಗಾಜಿನ ಫಲಕಗಳಿಗಿಂತ ಎಷ್ಟೋ ಪಟ್ಟು ಸೂಕ್ಷ್ಮವಾದುದು. ಬಿಂಬವು ಚಿಕ್ಕದಾದರೂ, ಮಂದವಾದ ಕಾಂತಿಯನ್ನು ಹಿಡಿಯುವುದರಲ್ಲಿ ವಸ್ತಾರೆಯ ಕಣದಲ್ಲಿ ಕುಳಿತ ವಿದ್ಯಾರ್ಥಿಯು ಡ್ರೇಪರನನ್ನು ಒಂದೇ ಇರುಳಿನಲ್ಲಿ ಮೀರಿಸಬಲ್ಲನು.

ಆದುದರಿಂದ ಮೊದಲ ರಾತ್ರಿಯ ಬೂದು ಮಚ್ಚೆಯನ್ನು ಯಾರೂ ಅಳಿಸಿಹಾಕದಿರಲಿ. ಅದರ ಮೇಲೆ ದಿನಾಂಕವನ್ನೂ ಅವಧಿಯನ್ನೂ ಬರೆದಿಟ್ಟು, ಮುಂದಿನ ಅಮಾವಾಸ್ಯೆಯ ಚಿತ್ರವನ್ನು ಅದರೊಡನೆ ಹೋಲಿಸಿ ನೋಡಲಿ. ಆ ಮಚ್ಚೆಯನ್ನು ಮೂಡಿಸಿದ ಬೆಳಕು 25 ಲಕ್ಷ ವರ್ಷಗಳ ಹಿಂದೆ ಹೊರಟು ಬಂದು ತನ್ನ ಕ್ಯಾಮೆರಾದೊಳಕ್ಕೇ ಬಿದ್ದುದೆಂಬುದನ್ನು ನೆನೆದರೆ, ದೊಡ್ಡ ದೂರದರ್ಶಕವನ್ನು ಕೊಳ್ಳುವ ಆತುರವು ಮತ್ತೊಂದು ಚಳಿಗಾಲದವರೆಗೆ ಕಾದೀತು.