ಹಾಲ್‌ನಲ್ಲಿ ಎಂಟು ಅಡಿ ಜಾಗ ಇದೆಯೇ?

ಮೈಸೂರಿನ ಉದಯಗಿರಿಯಲ್ಲಿ 20x30 ಸೈಟಿನ ಮನೆಗಳಿಗೆ ಬರವಿಲ್ಲ. ಮೆಟ್ಟಿಲು, ಅಡುಗೆಮನೆ, ಬಚ್ಚಲು, ಒಂದು ರೂಮು ಎಲ್ಲ ಕಳೆದು ಅಂಥ ಮನೆಯ ಹಾಲ್‌ಗೆ ಉಳಿಯುವುದು ಹೆಚ್ಚೆಂದರೆ 10 ಅಡಿಗೆ 12 ಅಡಿ. ಒಂದು ಗೋಡೆಗೆ ಟೀವಿ ಸ್ಟ್ಯಾಂಡು, ಎದುರು ಗೋಡೆಗೆ ದಿವಾನು, ಮೂಲೆಗೆ ಹೊಲಿಗೆ ಮೆಷಿನ್ನು, ರಾತ್ರಿಯಾದರೆ ಒಳಗೆ ತಂದು ನಿಲ್ಲಿಸುವ ಸ್ಕೂಟರು. ಇವುಗಳ ನಡುವಿನ ಖಾಲಿ ನೆಲಕ್ಕೆ ಟೇಪು ಹಿಡಿದರೆ ಆರಡಿ ಸಿಕ್ಕರೆ ಪುಣ್ಯ.

2010ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ತನ್ನ ಎಕ್ಸ್‌ಬಾಕ್ಸ್ ಗೇಮ್ ಪೆಟ್ಟಿಗೆಗೆ ಜೋಡಿಸಲೆಂದು ಮಾರುಕಟ್ಟೆಗೆ ಬಿಟ್ಟ ‘ಕಿನೆಕ್ಟ್’ ಮೊದಲು ಕೇಳಿದ್ದೇ ಆ ನೆಲವನ್ನು. ಒಬ್ಬರು ಆಡುವುದಾದರೆ ಟೀವಿಯಿಂದ ಆರಡಿ ಹಿಂದೆ ನಿಲ್ಲಬೇಕು, ಇಬ್ಬರಾದರೆ ಎಂಟಡಿ. ಕೈಯಲ್ಲಿ ರಿಮೋಟ್ ಬೇಡ, ಬಟನ್ ಬೇಡ, ನಿಮ್ಮ ಮೈಯೇ ಸಾಕು ಎಂದು ಸಾರಿದ ಯಂತ್ರ ಅದು. ರಿಮೋಟ್ ಹೋಯಿತೇನೋ ನಿಜ, ಅದರ ಬದಲಿಗೆ ಒಂದು ಕೋಣೆ ಬೇಕಾಯಿತು.

ಮೈ ಆಡಿಸಿ ಆಡುವ ವಿಡಿಯೋ ಗೇಮ್ ಆಗಲೇ ಹೊಸದೇನಾಗಿರಲಿಲ್ಲ. 2003ರಲ್ಲೇ ಸೋನಿ ‘ಐಟಾಯ್’ ಎಂಬ ಪುಟ್ಟ ಕ್ಯಾಮೆರಾವನ್ನು ಪ್ಲೇಸ್ಟೇಷನ್ 2ಕ್ಕೆ ಕೊಟ್ಟಿತ್ತು. 2006ರಲ್ಲಿ ನಿಂಟೆಂಡೊದ ‘ವೀ’ ಬಂದು, ಕೈಯಲ್ಲಿ ಕೋಲಿನಂಥ ರಿಮೋಟ್ ಹಿಡಿದು ಬೀಸಿದರೆ ಪರದೆಯ ಮೇಲೆ ಟೆನಿಸ್ ಚೆಂಡು ಹಾರುವಂತೆ ಮಾಡಿತು. 2009ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಇ3 ವಿಡಿಯೋ ಗೇಮ್ ಮೇಳದಲ್ಲಿ ಮೈಕ್ರೋಸಾಫ್ಟ್ ಕಿನೆಕ್ಟನ್ನು ‘ಪ್ರಾಜೆಕ್ಟ್ ನಟಾಲ್’ ಎಂಬ ಮೊದಲ ಹೆಸರಿನಲ್ಲಿ ತೋರಿಸಿದಾಗ ಆ ಕೋಲೂ ಮಾಯವಾಗಿತ್ತು. ನಟಾಲ್ ಬ್ರೆಜಿಲ್‌ನ ಒಂದು ಊರು. ಯೋಜನೆಯ ಹಿಂದಿದ್ದ ಅಲೆಕ್ಸ್ ಕಿಪ್‌ಮನ್ ಬ್ರೆಜಿಲ್‌ನವರು. ಬಿಡುಗಡೆಯಾದ ಮೊದಲ 60 ದಿನಗಳಲ್ಲಿ 80 ಲಕ್ಷ ಕಿನೆಕ್ಟ್ ಮಾರಾಟವಾಗಿ ಗಿನ್ನೆಸ್ ದಾಖಲೆ ಪುಸ್ತಕ ಸೇರಿತು. ಅಮೆರಿಕದಲ್ಲಿ ಬಂದ ತಿಂಗಳಲ್ಲೇ ಭಾರತಕ್ಕೂ ಬಂತು.

ಅದು ನಮ್ಮನ್ನು ನೋಡುತ್ತಿದ್ದ ರೀತಿ ನಿಜಕ್ಕೂ ಸೊಗಸು. ಟೀವಿ ಮುಂದೆ ಕೂತ ಆ ಕಪ್ಪು ಪಟ್ಟಿ ಕಣ್ಣಿಗೆ ಕಾಣದ ಅವಕೆಂಪು ಬೆಳಕಿನ ಸಾವಿರಾರು ಚುಕ್ಕಿಗಳನ್ನು ಕೋಣೆಯ ತುಂಬ ಚೆಲ್ಲುತ್ತದೆ. ಗೋಡೆಯ ಮೇಲೂ ದಿವಾನಿನ ಮೇಲೂ ನಿಮ್ಮ ಮೈಮೇಲೂ ಎಳೆ ಎಳೆಯದ ಚುಕ್ಕಿ ರಂಗೋಲಿ. ಪಕ್ಕದಲ್ಲೇ ಕೂತ ಒಂದು ಕ್ಯಾಮೆರಾ, ಯಾವ ಚುಕ್ಕಿ ಎಷ್ಟು ಸರಿದಿದೆ ಎಂದು ನೋಡಿ ಆ ಜಾಗ ಎಷ್ಟು ದೂರದಲ್ಲಿದೆ ಎಂದು ಲೆಕ್ಕ ಹಾಕುತ್ತದೆ, ಸೆಕೆಂಡಿಗೆ 30 ಸಲ. ಈ ತಂತ್ರ ಇಸ್ರೇಲಿನ ಪ್ರೈಮ್‌ಸೆನ್ಸ್ ಕಂಪನಿಯದು. ದೂರ ಗೊತ್ತಾದರೆ ಸಾಲದು, ಅದರಲ್ಲಿ ಮೊಣಕೈ ಯಾವುದು, ಮಂಡಿ ಯಾವುದು ಎಂದು ತಿಳಿಯಬೇಕಲ್ಲ? ಆ ಕೆಲಸ ಮಾಡಿದವರು ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿರುವ ಮೈಕ್ರೋಸಾಫ್ಟ್ ಸಂಶೋಧನಾಲಯದ ಜೇಮೀ ಶಾಟನ್ ಮತ್ತು ಸಂಗಡಿಗರು. ಅವರು ದೇಹವನ್ನು 31 ಭಾಗಗಳಾಗಿ ಒಡೆದರು. ಚಿತ್ರದ ಒಂದೊಂದು ಬಿಂದುವೂ ತಾನು ಯಾವ ಭಾಗಕ್ಕೆ ಸೇರಿದ್ದು ಎಂದು ಹೇಳುವಂತೆ ಕಂಪ್ಯೂಟರಿಗೆ 10 ಲಕ್ಷ ಚಿತ್ರ ತೋರಿಸಿ ಕಲಿಸಿದರು. ಸಾವಿರ ಪ್ರೊಸೆಸರುಗಳನ್ನು ಒಟ್ಟಿಗೆ ಕೂರಿಸಿದರೂ ಆ ಪಾಠಕ್ಕೆ ಒಂದು ದಿನ ಹಿಡಿಯುತ್ತಿತ್ತು. ಹಾಗೆ ಕಲಿತದ್ದನ್ನು ಕಿನೆಕ್ಟ್ ಮನೆಯಲ್ಲಿ ಕಣ್ಣೆವೆ ಮುಚ್ಚಿ ತೆಗೆಯುವುದರೊಳಗೆ ಬಳಸಿ, 20 ಕೀಲುಗಳ ಅಸ್ಥಿಪಂಜರವನ್ನು ಕಟ್ಟಿಬಿಡುತ್ತಿತ್ತು.

ಆ ಪಾಠದಲ್ಲಿ ಏನೇನಿತ್ತು ಎಂಬುದು ನನಗೆ ಹೆಚ್ಚು ಕುತೂಹಲದ ವಿಷಯ. ಕಾರು ಓಡಿಸುವುದು, ಕುಣಿಯುವುದು, ಒದೆಯುವುದು, ಓಡುವುದು, ಮೆನು ಆರಿಸುವುದು. ಬಹುಪಾಲು ನಿಂತ ಮನುಷ್ಯನ ಚಲನೆಗಳು. ನಮ್ಮ ಹಾಲ್‌ನಲ್ಲಿ ನಿಂತಿರುವವರು ಯಾರು? ಊಟಕ್ಕೆ, ಹೋಂವರ್ಕಿಗೆ, ಸೊಪ್ಪು ಬಿಡಿಸಲು ಎಲ್ಲರೂ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತಿರುತ್ತಾರೆ. ಒಂದು ಕಾಲಿನ ಹಿಂದೆ ಇನ್ನೊಂದು ಕಾಲು ಅಡಗಿದರೆ ಕಿನೆಕ್ಟ್ ತಬ್ಬಿಬ್ಬಾಗುತ್ತಿತ್ತು. ದೊಗಲೆ ಬಟ್ಟೆಯೂ ಅದಕ್ಕೆ ಆಗಿಬರುತ್ತಿರಲಿಲ್ಲ. ಹಾಗೆಂದರೆ ಲುಂಗಿ, ಸೀರೆ, ನೈಟಿ, ಬುರ್ಖಾ ಎಲ್ಲವೂ ಲೆಕ್ಕದಿಂದ ಹೊರಗೆ. ಕೂತವರನ್ನು ಗುರುತಿಸುವ ಸೌಲಭ್ಯ 2012ರಲ್ಲಿ ಬಂದದ್ದು ಕಂಪ್ಯೂಟರಿಗೆ ಜೋಡಿಸುವ ಕಿನೆಕ್ಟ್‌ಗೆ. ಅದೂ ಕುರ್ಚಿಯಲ್ಲಿ ಕೂತವರಿಗಾಗಿ, ಸೊಂಟದಿಂದ ಮೇಲಿನ ಹತ್ತು ಕೀಲುಗಳಿಗೆ ಮಾತ್ರ. ಇದೇ ಮೈಸೂರಿನ ಇನ್ನೊಂದು ತುದಿಯ ಗೋಕುಲಂಗೆ ದೇಶವಿದೇಶದವರು ಯೋಗ ಕಲಿಯಲು ಬರುತ್ತಾರೆ. ಅಲ್ಲಿ ಗುರು ಬೆನ್ನು ಮುಟ್ಟಿ, ಭುಜ ಒತ್ತಿ ಆಸನ ತಿದ್ದುತ್ತಾರೆ. ಪದ್ಮಾಸನ ಹಾಕಿದವರ ಕಾಲು ಎಲ್ಲಿದೆ ಎಂದೇ ತಿಳಿಯದ ಯಂತ್ರ ಏನನ್ನು ತಿದ್ದೀತು?

ಉದಯಗಿರಿಯಂಥ ಬಡಾವಣೆಯ ಹುಡುಗರಿಗೆ ವಿಡಿಯೋ ಗೇಮ್ ಎಂದರೆ ಮನೆಯ ವಸ್ತುವಿಗಿಂತ ಮೊದಲು ಗೇಮ್ ಸೆಂಟರ್. ಗಂಟೆಗಿಷ್ಟು ದುಡ್ಡು ಕೊಟ್ಟು, ಪ್ಲಾಸ್ಟಿಕ್ ಕುರ್ಚಿಯಲ್ಲಿ ಒತ್ತಿಕೊಂಡು ಕೂತು, ಫುಟ್‌ಬಾಲೋ ಕುಸ್ತಿಯೋ ಆಡಿ ಬರುವ ಜಾಗ. ಅಂಥ ಅಂಗಡಿಯ ಲೆಕ್ಕದಲ್ಲೂ ಕಿನೆಕ್ಟ್ ಗಿಟ್ಟುವ ಬಾಬತ್ತಲ್ಲ. ಒಬ್ಬ ಹುಡುಗ ಕೈಕಾಲು ಬೀಸಲು ಬೇಕಾಗುವಷ್ಟು ನೆಲದಲ್ಲಿ ನಾಲ್ಕು ಕುರ್ಚಿ ಹಾಕಬಹುದು, ನಾಲ್ವರಿಂದ ಬಾಡಿಗೆ ಬರುತ್ತದೆ. ಮೈಯಲ್ಲಿ ಹುರುಪಿದ್ದ ಮಕ್ಕಳು ರಸ್ತೆಯಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿಕೊಂಡೇ ಇದ್ದರು. ಎಂಟಡಿ ಖಾಲಿ ನೆಲವಿದ್ದ ದೊಡ್ಡ ಮನೆಗಳವರಿಗೆ ಆ ನೆಲದ ಹಿಂದೆ ಮೆತ್ತನೆಯ ಸೋಫಾ ಇತ್ತು. ಅಲ್ಲಿಯೂ ಕಿನೆಕ್ಟ್ ನೆಂಟರು ಬಂದಾಗ ಹೊರಬರುವ ತಮಾಷೆಯಾಯಿತೇ ಹೊರತು ದಿನನಿತ್ಯದ ಆಟವಾಗಲಿಲ್ಲ ಎಂದೇ ನನ್ನ ಅನಿಸಿಕೆ.

ಎರಡನೆಯ ಕಿನೆಕ್ಟ್ ಎಡವಿದ್ದು ಬೇರೆ ಕಲ್ಲಿಗೆ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್ ಪ್ರಕಟಿಸಿದಾಗ, ಕಿನೆಕ್ಟ್ ಸದಾ ಜೋಡಿಸಿರಲೇಬೇಕು ಎಂದು ಕಂಪನಿ ಹೇಳಿತು. ಅದರ ಬೆನ್ನಿಗೇ ಎಡ್ವರ್ಡ್ ಸ್ನೋಡೆನ್ ಅಮೆರಿಕದ ಕದ್ದಾಲಿಕೆಯ ಕಡತಗಳನ್ನು ಬಯಲು ಮಾಡಿದ. ಹೆಂಗಸರು ಮನೆಬಟ್ಟೆಯಲ್ಲಿ ಓಡಾಡುವ, ರಾತ್ರಿ ಚಾಪೆ ಹಾಸಿ ಮಲಗುವ ಹಾಲ್‌ನಲ್ಲಿ ಕಣ್ಣು ಮುಚ್ಚದ ಕ್ಯಾಮೆರಾ ಯಾರಿಗೆ ಬೇಕು? ಕಂಪನಿ ಆಗಸ್ಟ್ ಹೊತ್ತಿಗೆ ಆ ಷರತ್ತು ಬಿಟ್ಟಿತು. ಮರುವರ್ಷ ಕಿನೆಕ್ಟ್ ಇಲ್ಲದ ಪೆಟ್ಟಿಗೆಯನ್ನೂ ಮಾರಿತು. 2014ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂದಾಗ ಬರೀ ಎಕ್ಸ್‌ಬಾಕ್ಸ್‌ಗೆ 39,990 ರೂಪಾಯಿ, ಕಿನೆಕ್ಟ್ ಸಮೇತ 45,990. 2017ರ ಅಕ್ಟೋಬರ್‌ನಲ್ಲಿ ತಯಾರಿಕೆ ನಿಂತ ಸುದ್ದಿ ಬಂತು. ಅಷ್ಟರಲ್ಲಿ ಸುಮಾರು ಮೂರೂವರೆ ಕೋಟಿ ಮಾರಾಟವಾಗಿದ್ದವು.

ಆಟದ ಸಾಮಾನಾಗಿ ಸೋತದ್ದು ಬೇರೆ ಕಡೆಗಳಲ್ಲಿ ಚೆನ್ನಾಗಿಯೇ ಬಾಳಿತು. ಟೊರಾಂಟೊದ ಸನಿಬ್ರೂಕ್ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯರು ಗ್ಲೌಸು ಮೈಲಿಗೆಯಾಗದಂತೆ ಕೈ ಬೀಸಿ ಸ್ಕ್ಯಾನ್ ಚಿತ್ರಗಳನ್ನು ತಿರುವಿ ನೋಡಲು ಅದನ್ನು ಬಳಸಿದರು. ದಕ್ಷಿಣ ಕೊರಿಯಾ ಅದನ್ನು ಉತ್ತರದ ಗಡಿ ಕಾಯಲು ಹಚ್ಚಿತು. ಪ್ರೈಮ್‌ಸೆನ್ಸ್ ಕಂಪನಿಯನ್ನು 2013ರಲ್ಲಿ ಆ್ಯಪಲ್ ಕೊಂಡಿತು. 2017ರ ಐಫೋನ್ ಎಕ್ಸ್ ಮಾಲೀಕನ ಮುಖ ನೋಡಿ ಬೀಗ ತೆಗೆದದ್ದು ಅದೇ ಬಗೆಯ ಕಾಣದ ಚುಕ್ಕಿಗಳನ್ನು ಮುಖದ ಮೇಲೆ ಚೆಲ್ಲಿ.

ಈಗ ಚುಕ್ಕಿಯೂ ಬೇಡವಾಗಿದೆ. 2020ರಲ್ಲಿ ಗೂಗಲ್ ಹೊರತಂದ ‘ಬ್ಲೇಜ್‌ಪೋಸ್’ ಮೊಬೈಲಿನ ಸಾಧಾರಣ ಕ್ಯಾಮೆರಾ ಕಂಡಷ್ಟರಿಂದಲೇ ದೇಹದ 33 ಬಿಂದುಗಳನ್ನು ಗುರುತಿಸುತ್ತದೆ. ಅಮೆರಿಕದ ‘ನೆಕ್ಸ್ ಪ್ಲೇಗ್ರೌಂಡ್’ ಎಂಬ ಅಂಗೈಯಗಲದ ಪೆಟ್ಟಿಗೆ, ಬರೀ ಒಂದು ಕ್ಯಾಮೆರಾ ಇಟ್ಟುಕೊಂಡು ಮಕ್ಕಳನ್ನು ಟೀವಿ ಮುಂದೆ ಕುಣಿಸುತ್ತಿದೆ. ತಲೆಯಿಂದ ಕಾಲಿನವರೆಗೆ ಚಿತ್ರದೊಳಗೆ ಬರಬೇಕಾದ್ದರಿಂದ ಹಿಂದೆ ಸರಿದು ನಿಲ್ಲುವ ಕಷ್ಟ ಮಾತ್ರ ಈಗಲೂ ತಪ್ಪಿಲ್ಲ.

ಆದರೆ ಒಂದು ವ್ಯತ್ಯಾಸವಿದೆ, ಉದಯಗಿರಿಯಂಥ ಕಡೆ ಅದು ದೊಡ್ಡದು. ಕಿನೆಕ್ಟ್‌ಗೆ ಬಿಸಿಲು ಆಗುತ್ತಿರಲಿಲ್ಲ. ಸೂರ್ಯನ ಬೆಳಕಿನಲ್ಲೂ ಅವಕೆಂಪು ಕಿರಣಗಳಿರುವುದರಿಂದ ಅದರ ಚುಕ್ಕಿಗಳೆಲ್ಲ ಅಳಿಸಿಹೋಗುತ್ತಿದ್ದವು. ಹಾಗಾಗಿ ಅದು ಹಾಲ್ ಬಿಟ್ಟು ಕದಲುವಂತಿರಲಿಲ್ಲ. ಮೊಬೈಲ್ ಕ್ಯಾಮೆರಾಕ್ಕೆ ಬಿಸಿಲಿದ್ದಷ್ಟೂ ಒಳ್ಳೆಯದು. 20x30 ಸೈಟಿನ ಮನೆಗೆ ಹಾಲ್ ಚಿಕ್ಕದಾದರೂ ತಾರಸಿ ಮನೆಯಷ್ಟೇ ಅಗಲ. ನೀರಿನ ಟ್ಯಾಂಕಿಗೆ ಮೊಬೈಲ್ ಒರಗಿಸಿ, ಬಟ್ಟೆ ಒಣಗಿಸುವ ಹಗ್ಗ ಬಿಚ್ಚಿಟ್ಟರೆ ಇಬ್ಬರಲ್ಲ, ನಾಲ್ವರು ಕುಣಿಯಬಹುದು. ಮೇಲೆ ಹುಡುಗರು ಜಿಗಿದಾಗ ತೊಲೆ ಅದುರಿ ಕೆಳಗಿನ ಬಾಡಿಗೆಯವರು ಮೆಟ್ಟಿಲು ಹತ್ತಿ ಬಂದರೆ, ಅವರನ್ನು ಸಮಾಧಾನ ಮಾಡುವ ಆ್ಯಪನ್ನು ಯಾವ ಕಂಪನಿಯೂ ಇನ್ನೂ ಮಾಡಿಲ್ಲ.