ಬಚ್ಚಲಿನ ಗ್ಯಾಸ್ ಗೀಸರಿಗೆ ಗಾಳಿ ಸಾಲದಿದ್ದಾಗ

ಬೊಮ್ಮನಹಳ್ಳಿಯಲ್ಲಿ ನನ್ನ ತಂಗಿಯ ಸಂಸಾರ ಬಾಡಿಗೆಗಿರುವ ಮನೆಯು ಮೂವತ್ತು-ನಲವತ್ತರ ನಿವೇಶನದ ಮೇಲೆದ್ದ ಮೂರಂತಸ್ತಿನ ಕಟ್ಟಡದಲ್ಲಿದೆ. ಪಕ್ಕದ ಕಟ್ಟಡಕ್ಕೂ ಇದಕ್ಕೂ ನಡುವೆ ಒಂದು ಗೇಣು ಜಾಗವಿದ್ದರೆ ಹೆಚ್ಚು. 2007ರಲ್ಲಿ ಬೊಮ್ಮನಹಳ್ಳಿಯು ಬೃಹತ್ ಬೆಂಗಳೂರಿನೊಳಗೆ ಸೇರುವುದಕ್ಕೆ ಮೊದಲೇ ಇಲ್ಲಿ ಮನೆಗಳು ಹೀಗೆ ಒಂದಕ್ಕೊಂದು ಬೆನ್ನು ಹಚ್ಚಿ ನಿಂತಿದ್ದವು. ಬಚ್ಚಲುಮನೆಗೆ ಕಿಟಕಿಯಿಲ್ಲ, ಮೇಲುಗಡೆ ಗಾಜಿನ ಪಟ್ಟಿಗಳ ಒಂದು ಬೆಳಕಿಂಡಿ, ಅದಕ್ಕೆ ಸೊಳ್ಳೆ ಪರದೆ. ಅದರ ಕೆಳಗೆ ಗ್ಯಾಸ್ ಗೀಸರ್.

ಕೆಲವು ವರ್ಷಗಳ ಹಿಂದಿನ ಒಂದು ಡಿಸೆಂಬರ್ ಬೆಳಗಿನ ಮಾತು. ಕುಳಿರ್ಗಾಳಿ ಬರುತ್ತದೆಂದು ಯಾರೋ ಬೆಳಕಿಂಡಿಗೆ ದಿನಪತ್ರಿಕೆಯ ಹಾಳೆ ಅಂಟಿಸಿದ್ದರು. ಲಿಂಗಪೂಜೆಗೆ ಮುನ್ನ ಎಲ್ಲರದೂ ಸ್ನಾನವಾಗಬೇಕು. ಭಾವನವರು ಮಾಡಿದರು, ಮಗ ಮಾಡಿದ, ಕೊನೆಯಲ್ಲಿ ಹುಡುಗಿ ತಲೆಗೆ ನೀರು ಹಾಕಿಕೊಳ್ಳಲು ಹೋದಳು. ಕಾಲು ಗಂಟೆ ಕಳೆಯಿತು. ಒಳಗೆ ಚೊಂಬು ಬಿದ್ದ ಸದ್ದಾಯಿತು, ಕೂಗಿದರೆ ಉತ್ತರವಿಲ್ಲ. ಅಗುಳಿ ಮುರಿದು ನೋಡಿದಾಗ ಅವಳು ಗೋಡೆಗೊರಗಿ ಕುಸಿದಿದ್ದಳು, ಗೀಸರ್ ಇನ್ನೂ ಉರಿಯುತ್ತಿತ್ತು. ಹೊರಗೆ ಎಳೆದು ತಂದು ಗಾಳಿಗೆ ಮಲಗಿಸಿ, ಆಸ್ಪತ್ರೆಗೆ ಒಯ್ದು ಆಮ್ಲಜನಕ ಕೊಡಿಸಿದ ಮೇಲೆ ಉಳಿದಳು. ಅತ್ತೆಯವರು, ‘ಹಿಂದಿನ ದಿನ ಉಪವಾಸ ಮಾಡಿದ್ದಳು, ಅದಕ್ಕೇ ತಲೆ ತಿರುಗಿದೆ’ ಎಂದಿದ್ದರು. ಹಾಗೆಂದು ಮನೆಯಲ್ಲೇ ಮಲಗಿಸಿ ಬೆಲ್ಲದ ನೀರು ಕುಡಿಸಿದ್ದರೆ ಇಂದು ಈ ಲೇಖನವನ್ನು ಬರೆಯುವ ಧೈರ್ಯ ನನಗಿರುತ್ತಿರಲಿಲ್ಲ.

ಆಗಿದ್ದೇನು? ಅಡಿಗೆಯ ಅನಿಲವು ಪ್ರೊಪೇನ್ ಮತ್ತು ಬ್ಯುಟೇನ್‌ಗಳ ಮಿಶ್ರಣ. ಪೂರ್ಣವಾಗಿ ಉರಿಯಲು ಅದು ತನ್ನ ಗಾತ್ರದ 24ರಿಂದ 31 ಪಾಲು ಗಾಳಿಯನ್ನು ಬೇಡುತ್ತದೆ. ನಿಮಿಷಕ್ಕೆ 6 ಲೀಟರ್ ನೀರು ಕಾಯಿಸುವ ಗೀಸರು ಪೂರ್ಣ ಉರಿಯಲ್ಲಿ ಗಂಟೆಗೆ ಸುಮಾರು 1 ಕಿಲೋ ಅನಿಲ ಸುಡುತ್ತದೆ. ಅಡಿಗೆಮನೆಯ ಐದಾರು ಒಲೆಗಳು ಒಟ್ಟಿಗೆ ಉರಿದಂತೆ. ಆ 1 ಕಿಲೋವಿಗೆ ಬೇಕಾಗುವ ಗಾಳಿ ಸುಮಾರು 12 ಘನ ಮೀಟರ್. ನಾಲ್ಕಡಿ ಅಗಲ, ಆರಡಿ ಉದ್ದ, ಎಂಟಡಿ ಎತ್ತರದ ಬಚ್ಚಲಿನಲ್ಲಿ ಇರುವುದೇ ಐದೂವರೆ ಘನ ಮೀಟರಿಗಿಂತ ಕಡಿಮೆ ಗಾಳಿ. ಹತ್ತು ನಿಮಿಷ ಉರಿದರೆ ಅದರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಅದಕ್ಕೇ ಬೇಕು. ಮೊದಲನೆಯವರು ಮಿಂದು ಬಂದಾಗ ಕೆಡುಕೇನೂ ಕಾಣುವುದಿಲ್ಲ. ಮೂರನೆಯವರು ಒಳಗೆ ಹೋಗುವಾಗ ಅಲ್ಲಿರುವುದು ಮೊದಲಿಬ್ಬರು ಬಿಟ್ಟುಹೋದ ಗಾಳಿ.

ಗಾಳಿ ಸಾಲದ ಉರಿಯಿಂದ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸಿಲಿಂಡರಿನ ಅನಿಲ ಸೋರಿದರೆ ಅದಕ್ಕೆ ಬೆರೆಸಿರುವ ಮರ್ಕ್ಯಾಪ್ಟನ್ನಿನ ದುರ್ವಾಸನೆಯಿಂದ ತಿಳಿಯುತ್ತದೆ. ಉರಿದ ಮೇಲೆ ಹುಟ್ಟುವ ಈ ವಿಷಕ್ಕೆ ಅಂಥ ಎಚ್ಚರಿಕೆಯ ಗಂಟೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಿನ ಬಲದಿಂದ ಇದು ಹಿಡಿದುಕೊಳ್ಳುತ್ತದೆ. ತಲೆನೋವು, ವಾಕರಿಕೆ, ಕಾಲು ಸೋಲುವುದು, ಅನಂತರ ಮೂರ್ಛೆ. ಬಚ್ಚಲಿನಲ್ಲಿ ಫಿಟ್ಸ್ ಬಂದಿತೆಂದು ಕರೆತಂದವರಲ್ಲಿ ಕೆಲವರಿಗೆ ಆಗಿರುವುದು ಇದೇ ಎಂದು ಕಂಡುಕೊಂಡ ವೈದ್ಯರು ಇದಕ್ಕೆ ‘ಗ್ಯಾಸ್ ಗೀಸರ್ ಸಿಂಡ್ರೋಮ್’ ಎಂಬ ಹೆಸರನ್ನೇ ಇಟ್ಟಿದ್ದಾರೆ. ಕೋವಿಡ್ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಆಕ್ಸಿಮೀಟರನ್ನು ಇಲ್ಲಿ ನಂಬಬಾರದು. ಅದು ಈ ವಿಷ ಹಿಡಿದ ರಕ್ತವನ್ನೂ ಆಮ್ಲಜನಕ ತುಂಬಿದ ರಕ್ತವನ್ನೂ ಬೇರೆ ಮಾಡಿ ತೋರಿಸಲಾರದು. ಫ್ರೆಂಚ್ ಕಾದಂಬರಿಕಾರ ಎಮಿಲ್ ಜೋಲಾ 1902ರಲ್ಲಿ ಪ್ಯಾರಿಸ್ಸಿನ ತನ್ನ ಮನೆಯಲ್ಲಿ ತೀರಿಕೊಂಡದ್ದೂ ಹೊಗೆಕೊಳವೆ ಕಟ್ಟಿ ಒಳಗೆ ತುಂಬಿದ ಇದೇ ವಿಷದಿಂದ.

ನಮ್ಮ ಹಳೆಯ ಮನೆಗಳ ಬಚ್ಚಲ ಒಲೆಗೆ ಈ ತೊಂದರೆ ಕಡಿಮೆಯಿತ್ತು. ಹಂಡೆಯ ಕೆಳಗಿನ ಸೌದೆ ಹೊಗೆಯಾಡಿದರೆ ಕಣ್ಣುರಿ ಬಂದು ನಾವೇ ಹೊರಗೋಡುತ್ತಿದ್ದೆವು. ಹೆಂಚಿನ ಸಂದಿಗಳೂ ಗಾಳಿಯಾಡಲು ಬಿಡುತ್ತಿದ್ದವು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದವರು ರೂಪಿಸಿದ ಅಸ್ತ್ರ ಒಲೆಯೂ ಇದೇ ತತ್ತ್ವದ್ದು: ಗಾಳಿ ಒಳಗೆ ಬರಲು ಅಳತೆಯ ದಾರಿ, ಹೊಗೆ ಹೊರಗೆ ಹೋಗಲು ಕೊಳವೆ. ಗೀಸರು ಕೇಳುವುದೂ ಅಷ್ಟೇ.

ಪರೀಕ್ಷೆಯನ್ನು ಉರಿಯಿಂದಲೇ ಪ್ರಾರಂಭಿಸಬೇಕು. ಉರಿ ನೀಲಿಯಾಗಿ, ಚೂಪಾಗಿ, ಅಲುಗದೆ ನಿಂತಿದ್ದರೆ ಒಳ್ಳೆಯದು. ತುದಿ ಹಳದಿಯಾಗಿ ನಾಲಿಗೆ ಚಾಚಿದರೆ, ಗೀಸರಿನ ಮೇಲಿನ ಗೋಡೆಗೆ ಮಸಿ ಹಿಡಿದರೆ, ಒಲೆಯ ಮೇಲಿಟ್ಟ ಪಾತ್ರೆಯ ತಳ ಕಪ್ಪಾದರೆ ಗಾಳಿ ಸಾಲುತ್ತಿಲ್ಲವೆಂದೇ ತಿಳಿಯಬೇಕು. ಆದರೆ ನೀಲಿ ಉರಿಯೊಂದನ್ನೇ ನೆಚ್ಚಿ ಬೆಳಕಿಂಡಿಯನ್ನು ಮುಚ್ಚುವಂತಿಲ್ಲ. ಅದರ ಸೊಳ್ಳೆ ಪರದೆಯನ್ನು ಒಮ್ಮೆ ಬೆರಳಿನಿಂದ ಒರೆಸಿ ನೋಡಿ. ಧೂಳು, ನೂಲಿನ ಜುಂಗು, ಹಬೆ ಸೇರಿ ಕಂಬಳಿಯಂತೆ ಮೆತ್ತಿರುತ್ತದೆ. ನಾವು ಗಮನಿಸದ ಸ್ಥಳ ಇದೇ. ಗಾಳಿ ಹೊರಹೋಗಲು ಮೇಲೆ ಒಂದು ದಾರಿ ಇದ್ದರೆ ಸಾಲದು, ಒಳಬರಲು ಕೆಳಗೂ ಒಂದಿರಬೇಕು. ಬಾಗಿಲ ಕೆಳಗಿನ ಸಂದಿಗೆ ಗೋಣಿತಾಟು ತುರುಕಬಾರದು. ಒಳಬರುವ ದಾರಿಯಿಲ್ಲದೆ ಎಗ್ಸಾಸ್ಟ್ ಫ್ಯಾನ್ ಹಾಕಿದರೆ, ಹೊಗೆಕೊಳವೆಯಿರುವ ಗೀಸರಿನಲ್ಲಿ ಅದು ಹೊರಹೋಗಬೇಕಾದ ಹೊಗೆಯನ್ನೇ ಹಿಂದಕ್ಕೆಳೆಯುವುದುಂಟು.

ಅಡಿಗೆಯ ಒಲೆಯಾದರೆ ಆರಿ ತಣ್ಣಗಾದ ಮೇಲೆ ಬರ್ನರಿನ ಮುಚ್ಚಳ ತೆಗೆದು, ಉಕ್ಕಿದ ಹಾಲು ಕಟ್ಟಿಕೊಂಡ ರಂಧ್ರಗಳನ್ನು ಬಿಡಿಸಿ, ಬಿಸಿ ಸೋಪಿನ ನೀರಿನಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ಕೂರಿಸಬಹುದು. ಜೆಟ್ಟಿನ ಸಣ್ಣ ರಂಧ್ರಕ್ಕೆ ಮಾತ್ರ ಸೂಜಿ ಹಾಕಬಾರದು. ಅದು ಕೂದಲೆಳೆಯಷ್ಟು ಹಿಗ್ಗಿದರೂ ಅನಿಲ ಹೆಚ್ಚಾಗಿ ಉರಿ ಮತ್ತಷ್ಟು ಹಳದಿಯಾಗುತ್ತದೆ. ಗೀಸರಿನ ಒಳಗಿನ ಮಸಿ, ಜೇಡದ ಬಲೆ, ತಾಮ್ರದ ಪಟ್ಟಿಗಳ ನಡುವಿನ ಕಸ ಇವು ಮೆಕ್ಯಾನಿಕ್ ಬಿಚ್ಚಿ ನೋಡಬೇಕಾದವು. ನಮ್ಮ ಮನೆಗೆ ಬಂದವರೊಬ್ಬರು ‘ಸೆಲ್ ಬದಲಾಯಿಸಿ ಸಾಕು’ ಎಂದು ಹೇಳಿ ಹಣ ಪಡೆದು ಹೋಗಿದ್ದರು. ಸೆಲ್ ಕಿಡಿ ಹಚ್ಚುವುದಕ್ಕೆ; ಗಾಳಿಗೂ ಅದಕ್ಕೂ ಸಂಬಂಧವಿಲ್ಲ.

ಹೊರದೇಶದಲ್ಲಿ ಮಕ್ಕಳಿರುವ ಮನೆಗಳವರಿಗೆ ಒಂದು ಮಾತು. ಚಳಿನಾಡುಗಳಲ್ಲಿ ಇಡೀ ಮನೆಯನ್ನು ಬಿಸಿ ಮಾಡುವ ಗ್ಯಾಸ್ ಫರ್ನೇಸಿಗೂ ಇದೇ ಕಾಯಿಲೆ ಬೇರೆ ರೂಪದಲ್ಲಿ ಬರುತ್ತದೆ. ಕೋಣೆಗಳ ಗಾಳಿಯನ್ನು ಒಂದು ಫಿಲ್ಟರ್ ಮೂಲಕ ಎಳೆದು, ಬಿಸಿಯಾದ ಲೋಹದ ಮೇಲೆ ಹಾಯಿಸಿ ಮರಳಿ ಕಳಿಸುತ್ತಾರೆ. ಫಿಲ್ಟರ್ ಧೂಳಿನಿಂದ ಕಟ್ಟಿದರೆ ಲೋಹ ಮಿತಿಮೀರಿ ಕಾಯುತ್ತದೆ, ರಕ್ಷಣೆಯ ಸ್ವಿಚ್ಚು ಉರಿಯನ್ನು ಆರಿಸುತ್ತದೆ, ತಣಿದ ಮೇಲೆ ಮತ್ತೆ ಹೊತ್ತುತ್ತದೆ. ಹೀಗೆ ಹೊತ್ತಿ ಆರುತ್ತಿದ್ದರೆ ಮೊದಲು ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಬೇಕು. ಗಾಳಿಯ ಜಾಲರಿಗೆ ಸೋಫಾ ಅಡ್ಡವಾಗಿದೆಯೇ, ಹೊರಗೋಡೆಯ ಹೊಗೆಕೊಳವೆಗೆ ಹಿಮ ಮುಚ್ಚಿದೆಯೇ ಎಂಬುದನ್ನು ಅನಂತರ. ಅಲ್ಲಿ ಬಹಳ ಮನೆಗಳಲ್ಲಿ ಕಾರ್ಬನ್ ಮೊನಾಕ್ಸೈಡ್ ಕಂಡರೆ ಕೂಗುವ ಅಲಾರಮ್ಮು ಇರುತ್ತದೆ. ಅದು ಇಲ್ಲಿಯೂ ದೊರೆಯುತ್ತದೆ, ಕೊಳ್ಳುವವರು ಕಡಿಮೆ.

ಯಾರಾದರೂ ಒಳಗೆ ಬಿದ್ದಿದ್ದರೆ ಮೊದಲು ಅವರನ್ನು ಹೊರಗೆ ತರಬೇಕು, ಗ್ಯಾಸ್ ನಿಲ್ಲಿಸಬೇಕು, 108ಕ್ಕೆ ಕರೆ ಮಾಡಬೇಕು. ಎಚ್ಚರವಾದರೂ ಆಸ್ಪತ್ರೆಗೆ ಹೋಗಲೇಬೇಕು, ಗ್ಯಾಸ್ ಗೀಸರ್ ಇತ್ತೆಂದು ವೈದ್ಯರಿಗೆ ಬಾಯಿಬಿಟ್ಟು ಹೇಳಬೇಕು. ಅನಿಲ ಸೋರಿಕೆಯ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಹೊರಗೆ ಹೋಗಿ 1906ಕ್ಕೆ ತಿಳಿಸಬೇಕು.

ಇದಕ್ಕೆ ನಿಜವಾದ ಪರಿಹಾರವೆಂದರೆ ಗೀಸರನ್ನೂ ಸಿಲಿಂಡರನ್ನೂ ಬಚ್ಚಲಿನಿಂದ ಹೊರಗೆ, ಗಾಳಿಯಾಡುವ ಬಾಲ್ಕನಿಗೆ ಸಾಗಿಸಿ, ಬಿಸಿನೀರನ್ನಷ್ಟೇ ಪೈಪಿನಲ್ಲಿ ಒಳಗೆ ತರುವುದು. ಅದಾಗುವವರೆಗೆ ಬಾಗಿಲು ತೆರೆದಿಟ್ಟು ಬಕೆಟ್ ತುಂಬಿಸಿ, ಗೀಸರ್ ಆರಿಸಿ, ಕೊಂಚ ಹೊತ್ತು ಬಿಟ್ಟು ಅನಂತರ ಮೀಯಬೇಕು. ತಂಗಿಯ ಮನೆಯ ಮಾಲೀಕರು ಗೋಡೆ ಕೊರೆಯಲು ಮೊದಲು ಒಪ್ಪಲಿಲ್ಲ. ಹುಡುಗಿಯ ಆಸ್ಪತ್ರೆಯ ಚೀಟಿಯನ್ನು ಭಾವನವರು ಅವರ ಮುಂದಿಟ್ಟರು. ಪೈಪಿನ ಖರ್ಚಿನಲ್ಲಿ ಅರ್ಧ ಅವರು, ಅರ್ಧ ಇವರು ಕೊಟ್ಟರು. ಆ ತಿಂಗಳೇ ಕೆಳಗಿನ ಎರಡು ಮನೆಗಳವರೂ ತಮ್ಮ ಗೀಸರುಗಳನ್ನು ಹೊರಗೆ ಹಾಕಿಸಿಕೊಂಡರು.